ಅತ್ತೆ ಮನೆಯಲ್ಲಿ ಜಪಸರ: ಯೇಸು ಇರುವಾಗ ತಾಯಿಯನ್ನು ಯಾಕೆ ಕೇಳಬೇಕು?

ಹಾಸನದ ಮಗಳು:
ಎಲ್ಲರಿಗೂ ನಮಸ್ಕಾರ. ನಾನು ಹಾಸನ ಕಡೆಯ ಕ್ಯಾಥೋಲಿಕ್ ಮನೆಯವಳು. ಮದುವೆಯಾಗಿ ಧಾರವಾಡಕ್ಕೆ ಬಂದು ಎರಡು ವರ್ಷ ಆಯಿತು. ಗಂಡನ ಮನೆಯವರು ಸಿಎಸ್‌ಐ, ಅಂದರೆ ಪ್ರೊಟೆಸ್ಟೆಂಟ್ ಸಭೆಯವರು, ಹಳೆಯ ಬಾಸೆಲ್ ಮಿಷನ್ ಕುಟುಂಬ. ಅತ್ತೆ ತುಂಬಾ ಒಳ್ಳೆಯವರು. ಬೆಳಿಗ್ಗೆ ಬೈಬಲ್ ಓದದೆ ಚಹಾ ಕುಡಿಯುವುದಿಲ್ಲ.

ನಮ್ಮೂರಲ್ಲಿ ಅಕ್ಟೋಬರ್ ಬಂತೆಂದರೆ ಮರಿಯಮ್ಮನ ಪ್ರತಿಮೆ ದಿನಕ್ಕೊಂದು ಮನೆಗೆ ಹೋಗುತ್ತಿತ್ತು. ಸಂಜೆ ಇಡೀ ಬೀದಿ ಸೇರಿ ಜಪಸರ, ಅಂದರೆ ಮಣಿ ಎಣಿಸುತ್ತಾ ಮರಿಯಮ್ಮನಿಗೆ ಹೇಳುವ ಪ್ರಾರ್ಥನೆ, ಮಾಡುತ್ತಿದ್ದೆವು. ಮುಗಿದ ಮೇಲೆ ಮಕ್ಕಳಿಗೆ ಕಡಲೆಪುರಿ. ಇಲ್ಲಿ ಕೋಣೆಯಲ್ಲಿ ಒಬ್ಬಳೇ ಮಾಡುತ್ತೇನೆ. ಮೊನ್ನೆ ಅತ್ತೆ ನೋಡಿದರು. ಬೈಯಲಿಲ್ಲ. "ಯೇಸು ಇರುವಾಗ ಅವನ ತಾಯಿಯನ್ನು ಯಾಕಮ್ಮ ಕೇಳಬೇಕು? ಅದೂ ಒಂದೇ ಮಾತು ಐವತ್ತು ಸಲ?" ಅಂತ ಕೇಳಿದರು. ನನಗೆ ಉತ್ತರ ಬರಲಿಲ್ಲ. ಚಿಕ್ಕಂದಿನಿಂದ ಹೇಳಿಕೊಂಡು ಬಂದ ಪ್ರಾರ್ಥನೆ, ಯಾಕೆ ಅಂತ ನಾನೇ ಒಂದು ದಿನ ಯೋಚಿಸಿರಲಿಲ್ಲ. ಅತ್ತೆಯ ಜೊತೆ ವಾದ ಮಾಡುವ ಮನಸ್ಸಿಲ್ಲ. ಆದರೆ ಜಪಸರ ಬಿಡಲೂ ಆಗುವುದಿಲ್ಲ. ತಿಳಿದವರು ಹೇಳಿ.

ಸುವಾರ್ತೆ ಓದುಗ:
ತಂಗಿ, ಅತ್ತೆ ಕೇಳಿದ್ದು ಸರಿಯಾದ ಪ್ರಶ್ನೆ. ನಾನೂ ಕ್ಯಾಥೋಲಿಕ್ ಆಗಿಯೇ ಹುಟ್ಟಿದವನು. ಈಗ ಬೇರೆ ಸಭೆಗೆ ಹೋಗುತ್ತೇನೆ. ದೇವರಿಗೂ ಮನುಷ್ಯರಿಗೂ ನಡುವೆ ಮಧ್ಯಸ್ಥ ಒಬ್ಬನೇ, ಅವನು ಕ್ರಿಸ್ತ ಯೇಸು. 1 ತಿಮೊಥೆ 2:5 ತೆರೆದು ನೋಡಿ. ಪ್ರಾರ್ಥನೆ ಮಾಡುವಾಗ ಸುಮ್ಮನೆ ಮಾತು ಬೆಳೆಸಬೇಡಿ ಅಂತ ಮತ್ತಾಯ 6:7ರಲ್ಲಿ ಯೇಸುವೇ ಹೇಳಿದ್ದಾನೆ.

ನಮ್ಮ ಮನೆಯಲ್ಲಿ ನವೇನ, ಅಂದರೆ ಒಂಬತ್ತು ದಿನದ ಪ್ರಾರ್ಥನೆ, ಬಾಯಿಪಾಠ ಇತ್ತು. ಬೈಬಲ್ ಮಾತ್ರ ಶೋಕೇಸಿನಲ್ಲಿ ಇತ್ತು. ಅಮ್ಮನಿಗೆ ಕಾಯಿಲೆ ಬಂದಾಗ ನೆಂಟರು ಬಂದು "ಈ ಊರಿನ ಮಾತೆಗಿಂತ ಆ ಊರಿನ ಮಾತೆಗೆ ಶಕ್ತಿ ಜಾಸ್ತಿ, ಅಲ್ಲಿ ಹರಕೆ ಹೊತ್ತುಕೊಳ್ಳಿ" ಅಂದರು. ಒಬ್ಬಳೇ ಮರಿಯಳಿಗೆ ಊರಿಗೊಂದು ಶಕ್ತಿ ಹೇಗೆ ಬಂತು? ಅವತ್ತು ಈ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಮರಿಯಳ ಮೇಲೆ ನನಗೆ ಗೌರವ ಇದೆ. ಅವಳು ಧನ್ಯಳು. ಆದರೆ ಗೌರವ ಬೇರೆ, ಮೊರೆ ಇಡುವುದು ಬೇರೆ.

ಉಪದೇಶಿ ಮೇಷ್ಟ್ರು:
ತಮ್ಮ, ಹರಕೆಯ ವಿಷಯದಲ್ಲಿ ನೀವು ಹೇಳಿದ್ದನ್ನು ನಾನೂ ಕಣ್ಣಾರೆ ಕಂಡಿದ್ದೇನೆ. ಅದು ತಪ್ಪೇ. ವೇಳಾಂಕಣಿಯ ಆರೋಗ್ಯ ಮಾತೆ, ಲೂರ್ದು ಮಾತೆ, ಜಪಸರ ಮಾತೆ, ಎಲ್ಲವೂ ನಜರೇತಿನ ಒಬ್ಬಳೇ ಹೆಣ್ಣುಮಗಳ ಹೆಸರುಗಳು. ಇದನ್ನು ಜನರಿಗೆ ಬಿಡಿಸಿ ಹೇಳಬೇಕಾದವರು ನಮ್ಮಂಥ ಉಪದೇಶಿಗಳು. ನಾವು ಸರಿಯಾಗಿ ಹೇಳಲಿಲ್ಲ.

ಈಗ ಮಗಳ ಪ್ರಶ್ನೆಗೆ ಬರುತ್ತೇನೆ. ಜಪಸರದಲ್ಲಿ ಮತ್ತೆ ಮತ್ತೆ ಹೇಳುವ ನಮೋ ಮರಿಯ ಪ್ರಾರ್ಥನೆಯನ್ನು ಎರಡು ತುಂಡು ಮಾಡಿ ನೋಡು. ಮೊದಲ ಭಾಗ ಪೂರ್ತಿ ಲೂಕನ ಶುಭಸಂದೇಶದ ಮೊದಲ ಅಧ್ಯಾಯ. 28ನೇ ವಚನ ಗಬ್ರಿಯೇಲ ದೂತ ಹೇಳಿದ ಮಾತು. 42ನೇ ವಚನ ಮರಿಯಮ್ಮನ ನೆಂಟಳು ಎಲಿಜಬೇತಮ್ಮ ಹೇಳಿದ ಮಾತು. ಅದಕ್ಕೆ ಮರಿಯ, ಯೇಸು ಎನ್ನುವ ಹೆಸರುಗಳನ್ನು ಸೇರಿಸಿಕೊಂಡಿದ್ದೇವೆ, ಅಷ್ಟೇ. ಎರಡನೇ ಭಾಗ ನಂತರ ಬಂದದ್ದು. ಅದು ಈಗಿನ ರೂಪದಲ್ಲಿ 1568ರ ರೋಮಿನ ಪ್ರಾರ್ಥನಾ ಪುಸ್ತಕದಲ್ಲಿ ಸೇರಿತು. ಅದರಲ್ಲಿ ನಾವು ಏನು ಕೇಳುತ್ತೇವೆ? "ನಮಗಾಗಿ ಪ್ರಾರ್ಥಿಸಿರಿ" ಅಂತ. "ನೀವೇ ಕೊಡಿ" ಅಂತ ಅಲ್ಲ.

ಮಧ್ಯಸ್ಥ ಒಬ್ಬನೇ ಅನ್ನುವುದು ನಮ್ಮದೂ ನಂಬಿಕೆ. ಆದರೆ ಅದೇ ಅಧ್ಯಾಯದ ಮೊದಲ ವಚನ ಓದಿ. ಎಲ್ಲರಿಗೋಸ್ಕರ ಪ್ರಾರ್ಥನೆ ವಿಜ್ಞಾಪನೆ ಮಾಡಿ ಅಂತ ಆ ಪತ್ರದಲ್ಲಿ ಪೌಲರು ಬೇಡಿಕೊಳ್ಳುತ್ತಾರೆ. ಒಬ್ಬರಿಗೋಸ್ಕರ ಒಬ್ಬರು ಬೇಡುವುದರಿಂದ ಕ್ರಿಸ್ತರ ಸ್ಥಾನ ಕಡಿಮೆ ಆಗುವುದಾದರೆ ಪೌಲರು ಹಾಗೆ ಬರೆಯುತ್ತಿದ್ದರಾ? ಇನ್ನು ಒಂದೇ ಮಾತನ್ನು ಹೇಳುವ ವಿಷಯ. ಬೈಬಲಿನ ಕೀರ್ತನೆ 136ರಲ್ಲಿ 26 ವಚನ ಇದೆ. 26ಕ್ಕೂ ಕೊನೆಯ ಮಾತು ಒಂದೇ.

ಸುವಾರ್ತೆ ಓದುಗ:
ಮೇಷ್ಟ್ರೇ, ತಪ್ಪನ್ನು ತಪ್ಪು ಅಂದಿರಿ, ಅದಕ್ಕೆ ನಾನು ಋಣಿ. ಆದರೆ ಪೌಲನು ಕೇಳಿದ್ದು ಬದುಕಿದ್ದವರನ್ನು. ಪಕ್ಕದ ಮನೆಯವರಿಗೆ "ನನಗೋಸ್ಕರ ಪ್ರಾರ್ಥನೆ ಮಾಡಿ" ಅನ್ನಬಹುದು, ಅವರಿಗೆ ಕಿವಿ ಕೇಳುತ್ತದೆ. ತೀರಿಕೊಂಡವರಿಗೆ, ಅದೂ ಲೋಕದ ಮೂಲೆ ಮೂಲೆಯಿಂದ ಒಂದೇ ಹೊತ್ತಿಗೆ ಲಕ್ಷಾಂತರ ಜನ ಹೇಳುವುದು ಹೇಗೆ ಕೇಳಿಸುತ್ತದೆ? ಎಲ್ಲೆಲ್ಲೂ ಇರುವವನು ದೇವರೊಬ್ಬನೇ ಅಲ್ವಾ? ಇದು ಸಣ್ಣ ವ್ಯತ್ಯಾಸ ಅಲ್ಲ.

ಉಪದೇಶಿ ಮೇಷ್ಟ್ರು:
ಸಣ್ಣದಲ್ಲ, ಒಪ್ಪಿದೆ. ದೇವರು ಸತ್ತವರ ದೇವರಲ್ಲ, ಜೀವಂತರ ದೇವರು ಅಂತ ಲೂಕ 20:38ರಲ್ಲಿದೆ. ಪ್ರಕಟನೆ 5:8ರಲ್ಲಿ ಸ್ವರ್ಗದ ಹಿರಿಯರು ಪವಿತ್ರ ಜನರ ಪ್ರಾರ್ಥನೆಗಳನ್ನು ಧೂಪದ ಪಾತ್ರೆಯಲ್ಲಿ ಹಿಡಿದಿದ್ದಾರೆ. ಅಲ್ಲಿರುವವರಿಗೆ ಇಲ್ಲಿಯ ಪ್ರಾರ್ಥನೆ ತಲುಪುತ್ತದೆ ಅನ್ನುವುದಕ್ಕೆ ನಮಗೆ ಇದು ಆಧಾರ. ಅದು ಅವರ ಸ್ವಂತ ಶಕ್ತಿಯಿಂದ ಅಲ್ಲ, ದೇವರು ತಿಳಿಸುವುದರಿಂದ. "ಮರಿಯಮ್ಮನಿಗೆ ಪ್ರಾರ್ಥಿಸಿ" ಅಂತ ಬೈಬಲಿನಲ್ಲಿ ನೇರವಾಗಿ ಬರೆದಿಲ್ಲ, ಅದನ್ನು ನಾನು ಮುಚ್ಚಿಡುವುದಿಲ್ಲ. ನಾವು ಬೈಬಲಿನ ಜೊತೆ ಧರ್ಮಸಭೆಯ ಪರಂಪರೆಯನ್ನೂ ಹಿಡಿದು ನಡೆಯುವವರು. ನೀವು ಬೈಬಲನ್ನು ಮಾತ್ರ. ನಮ್ಮ ದಾರಿ ಬೇರೆಯಾಗುವುದು ಅಲ್ಲಿ.

ಕಡಲ ಕರೆಯವ:
ನಾನು ಮಂಗಳೂರಿನ ಕೊಂಕಣಿ ಮನೆಯವ. ವಚನಗಳ ವಾದದಲ್ಲಿ ನಾನು ಹಿಂದೆ. ಆದರೆ "ಐವತ್ತು ಸಲ ಯಾಕೆ" ಅನ್ನುವ ಮಾತಿಗೆ ನನ್ನಲ್ಲಿ ಒಂದು ಉತ್ತರ ಉಂಟು.

ನಮ್ಮಲ್ಲಿ ಇದಕ್ಕೆ ತೇರ್ಸ್ ಅನ್ನುತ್ತೇವೆ. ಸಂಜೆ ತೇರ್ಸ್ ಆಗದೆ ಊಟ ಇಲ್ಲ. ಮೊಂತಿ ಫೆಸ್ತ್ ಬಂದರೆ, ಅಂದರೆ ಸೆಪ್ಟೆಂಬರ್ 8ರ ಮರಿಯಮ್ಮನ ಹುಟ್ಟುಹಬ್ಬ, ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂವು ತಂದು ಬಾಲೆ ಮರಿಯಮ್ಮನಿಗೆ ಹಾಕುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆ ಆಶೀರ್ವಾದ ಮಾಡಿಸಿ ಮನೆಗೆ ತರುತ್ತೇವೆ. ಆ ದಿನ ಮೀನು ಮಾಂಸ ಇಲ್ಲ. ಇದೆಲ್ಲ ಚಂದದ ನೆನಪು.

ಉತ್ತರ ಸಿಕ್ಕಿದ್ದು ಮಾತ್ರ ಆಸ್ಪತ್ರೆಯಲ್ಲಿ. ಅಪ್ಪನ ಕೊನೆಯ ರಾತ್ರಿ. ನಾನು ಓದಿದವ, ಭಾಷಣ ಮಾಡುವವ. ಅಪ್ಪನ ಹಾಸಿಗೆ ಪಕ್ಕ ನಿಂತಾಗ ದೇವರಿಗೆ ಹೇಳಲು ಒಂದು ಸ್ವಂತ ವಾಕ್ಯ ಬರಲಿಲ್ಲ. ಅಮ್ಮ ಮಣಿ ಹಿಡಿದು ಶುರು ಮಾಡಿದರು. ಬಾಯಿ ತಾನಾಗಿ ಸೇರಿತು. ಅಪ್ಪನಿಗೆ ಮಾತು ನಿಂತಿತ್ತು, ಆದರೆ ಹೆಬ್ಬೆರಳು ಹಾಸಿಗೆಯ ಮೇಲೆ ಮಣಿ ಸರಿಸಿದ ಹಾಗೆ ಆಡುತ್ತಿತ್ತು. ನಮೋ ಮರಿಯದ ಕೊನೆಯ "ಈಗಲೂ ನಮ್ಮ ಮರಣದ ಸಮಯದಲ್ಲೂ" ಅನ್ನುವ ಮಾತನ್ನು ಅಪ್ಪ ಎಪ್ಪತ್ತು ವರ್ಷ ದಿನಾ ಹೇಳಿದ್ದರು. ಆ ರಾತ್ರಿ ಆ ಎರಡೂ ಸಮಯ ಒಂದೇ ಆಗಿತ್ತು. ಮೂರನೆಯ ಹತ್ತು ಮಣಿಯ ನಡುವೆ ಬೆರಳು ನಿಂತಿತು. ನಾವು ಐದೂ ಮುಗಿಸಿದೆವು.

ಶಿವಾಜಿನಗರದವಳು:
ಕಣ್ಣು ತುಂಬಿತು ಅಣ್ಣ. ನಾವು ಹಿಂದೂಗಳು. ಸೇಂಟ್ ಮೇರಿ ಬೆಸಿಲಿಕಾ ಹಬ್ಬಕ್ಕೆ ಪ್ರತಿ ಸೆಪ್ಟೆಂಬರ್‌ನಲ್ಲಿ ಅಮ್ಮನ ಜೊತೆ ಹೋಗುತ್ತೇನೆ. ಕಾವಿ ಬಣ್ಣದ ಸೀರೆ ಉಟ್ಟವರು ಎಷ್ಟೋ ಜನ ಇರುತ್ತಾರೆ. ಬುರ್ಖಾ ಹಾಕಿದ ಅಕ್ಕಂದಿರೂ ಮೇಣದಬತ್ತಿ ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ನಮ್ಮ ಜಪಮಾಲೆಯಲ್ಲಿ 108 ಮಣಿ. ನಿಮ್ಮದರಲ್ಲಿ ಎಷ್ಟು? ಯಾಕೆ ಅಷ್ಟು?

ದೈವಶಾಸ್ತ್ರ ವಿದ್ಯಾರ್ಥಿ:
ಅಕ್ಕ, 59 ಮಣಿ. ಅದರಲ್ಲಿ 53 ನಮೋ ಮರಿಯಕ್ಕೆ, 6 ಯೇಸುಸ್ವಾಮಿ ಕಲಿಸಿದ ಪರಲೋಕ ಪ್ರಾರ್ಥನೆಗೆ. ಹಿಂದೆ ಮಠಗಳಲ್ಲಿ ಸನ್ಯಾಸಿಗಳು ಬೈಬಲಿನ 150 ಕೀರ್ತನೆ ಹಾಡುತ್ತಿದ್ದರು. ಓದು ಬಾರದ ಜನ ಅದರ ಬದಲು ಬಾಯಿಗೆ ಬರುವ ಪ್ರಾರ್ಥನೆಯನ್ನು 150 ಸಲ ಹೇಳುತ್ತಿದ್ದರು. ಎಣಿಸಲು ಮಣಿ ಬೇಕಾಯಿತು. ಸಂತ ದೊಮಿನಿಕರಿಗೆ ಮಾತೆಯೇ ಜಪಸರ ಕೊಟ್ಟರು ಎಂಬ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಇತಿಹಾಸಕಾರರಿಗೆ ಅವರ ಕಾಲದ ದಾಖಲೆಗಳಲ್ಲಿ ಅದು ಸಿಕ್ಕಿಲ್ಲ. ಜಪಸರ ನಿಧಾನವಾಗಿ ಬೆಳೆದದ್ದು. 1569ರಲ್ಲಿ ಪೋಪ್ ಐದನೇ ಪಿಯುಸ್ 15 ರಹಸ್ಯಗಳ, ಅಂದರೆ ಧ್ಯಾನಿಸುವ ಘಟನೆಗಳ, ರೂಪಕ್ಕೆ ಮುದ್ರೆ ಒತ್ತಿದರು. ಬೆಳಕಿನ ಐದು ರಹಸ್ಯಗಳನ್ನು ಸೇರಿಸಿದ್ದು ಪೋಪ್ ಎರಡನೇ ಜಾನ್ ಪಾಲ್, 2002ರ ಅಕ್ಟೋಬರ್‌ನಲ್ಲಿ. ಈಗ ಒಟ್ಟು 20.

ಹಾಸನದ ಅಕ್ಕನಿಗೆ ನನ್ನ ಮಾತು ಇಷ್ಟೇ. ಹತ್ತು ನಮೋ ಮರಿಯ ಹೇಳುವಾಗ ಮನಸ್ಸು ಎಲ್ಲಿರಬೇಕು? ಆ ಹತ್ತಕ್ಕೆ ಇಟ್ಟ ರಹಸ್ಯದ ಮೇಲೆ. ಅಂದರೆ ಹೆಚ್ಚಾಗಿ ಯೇಸುಸ್ವಾಮಿಯ ಬದುಕಿನ ಒಂದು ಘಟನೆಯ ಮೇಲೆ. ಹುಟ್ಟಿದ್ದು, ದೀಕ್ಷಾಸ್ನಾನ, ತೋಟದಲ್ಲಿ ಬೆವರು ರಕ್ತವಾದದ್ದು, ಶಿಲುಬೆ, ಪುನರುತ್ಥಾನ. ಧ್ಯಾನ ಇಲ್ಲದ ಜಪಸರ ಆತ್ಮ ಇಲ್ಲದ ದೇಹದ ಹಾಗೆ ಅಂತ 1974ರಲ್ಲಿ ಪೋಪ್ ಆರನೇ ಪೌಲ್ ಬರೆದರು. ಓದುಗ ಅಣ್ಣ ಹೇಳಿದ, ಸುಮ್ಮನೆ ಮಾತು ಬೆಳೆಸುವ ಅಪಾಯ ನಮ್ಮವರಿಗೂ ಗೊತ್ತು ಅಂತಾಯಿತು. ನಾವು ಅವಸರದಲ್ಲಿ ರಹಸ್ಯದ ಹೆಸರು ಹೇಳಿ ಓಡುತ್ತೇವೆ. ನಿಂತು ನೋಡುವುದಿಲ್ಲ.

ಇನ್ನೊಂದು ವಿಷಯ. 2025ರ ನವೆಂಬರ್‌ನಲ್ಲಿ ವ್ಯಾಟಿಕನ್ ಒಂದು ಪತ್ರ ಹೊರಡಿಸಿತು. ಮರಿಯಮ್ಮನನ್ನು ಕ್ರಿಸ್ತರ ಜೊತೆಗಿನ "ಸಹ ವಿಮೋಚಕಿ" ಅಂತ ಕರೆಯುವುದು ಸರಿಯಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿ ಇದೆ. ಉದ್ಧಾರ ಮಾಡುವವರು ಯೇಸು ಒಬ್ಬರೇ. ಅತ್ತೆಗೆ ಇದನ್ನು ಹೇಳಿ.

ಸುವಾರ್ತೆ ಓದುಗ:
ಆ ಪತ್ರದ ವಿಷಯ ನನಗೆ ಗೊತ್ತಿರಲಿಲ್ಲ. ಸಂತೋಷವಾಯಿತು. ನಮೋ ಮರಿಯದ ಎರಡನೇ ಭಾಗ ಹೇಳಲು ನನ್ನ ಮನಸ್ಸಾಕ್ಷಿ ಈಗಲೂ ಒಪ್ಪುವುದಿಲ್ಲ. ಮಂಗಳೂರಿನ ಅಣ್ಣನ ತಂದೆಯ ವಿಷಯದಲ್ಲಿ ನಾನು ವಾದ ಮಾಡುವುದಿಲ್ಲ. ನನ್ನ ಅಮ್ಮನೂ ಕೊನೆಗೆ ಮಣಿ ಹಿಡಿದೇ ಹೋದರು. ನಾನು ಆಗ ಅದನ್ನು ಕೈಯಿಂದ ಬಿಡಿಸಲು ನೋಡಿದ್ದೆ. ಅದು ಇವತ್ತಿಗೂ ನೋಯುತ್ತದೆ. ತಂಗಿ, ಅತ್ತೆಯ ಜೊತೆ ಮೊದಲು ಬೈಬಲ್ ತೆರೆದು ಕೂತುಕೊಳ್ಳಿ. ಅಲ್ಲಿಂದ ಶುರು ಮಾಡಿ.

ಹಾಸನದ ಮಗಳು:
ನಾಲ್ಕು ದಿನ ಈ ಕಡೆ ಬರಲಾಗಲಿಲ್ಲ. ಎಲ್ಲರಿಗೂ ತುಂಬು ಧನ್ಯವಾದ. ಓದುಗ ಅಣ್ಣ, ನೀವು ಹೇಳಿದ ಹಾಗೇ ಮಾಡಿದೆ.

ಗುರುವಾರ ಸಂಜೆ ಅತ್ತೆಯ ಹತ್ತಿರ ಲೂಕ ಒಂದನೇ ಅಧ್ಯಾಯ ಓದಿಸಿಕೊಂಡೆ. ಆಮೇಲೆ ನಮೋ ಮರಿಯದ ಮೊದಲ ಭಾಗ ಹೇಳಿದೆ. "ಇದು ಈಗ ಓದಿದ್ದೇ ಅಲ್ಲೇನವ್ವಾ" ಅಂದರು. ಗುರುವಾರ ಬೆಳಕಿನ ರಹಸ್ಯಗಳ ದಿನ. ಪ್ರತಿ ಹತ್ತು ಮಣಿಗೂ ಮುಂಚೆ ಅವರೇ ಬೈಬಲಿನ ಆ ಭಾಗ ಹುಡುಕಿ ಓದಿದರು. ಜೋರ್ದಾನ್ ನದಿ, ಕಾನಾ ಊರಿನ ಮದುವೆ, ರಾಜ್ಯದ ಸುವಾರ್ತೆ, ಬೆಟ್ಟದ ಮೇಲಿನ ರೂಪಾಂತರ, ಕಡೆಯ ಊಟ. ಕಾನಾ ಮದುವೆಯಲ್ಲಿ ಮರಿಯಮ್ಮ "ಆತನು ಹೇಳಿದಂತೆ ಮಾಡಿ" ಅನ್ನುವ ಜಾಗಕ್ಕೆ ಬಂದಾಗ ಎರಡು ಸಲ ಓದಿದರು.

ಪರಲೋಕ ಪ್ರಾರ್ಥನೆ ಜೊತೆಗೆ ಹೇಳುವಾಗ ಅವರು ದೇವರನ್ನು "ನೀನು" ಅನ್ನುತ್ತಾರೆ, ನಾನು "ನೀವು" ಅನ್ನುತ್ತೇನೆ. ಎರಡು ಸಲ ಮಾತು ತಾಗಿತು. ಆಮೇಲೆ ಅವರ ಬೈಬಲಿನಲ್ಲಿ ಇರುವ ಹಾಗೇ ನಾನೂ ಹೇಳಿದೆ. ನಮೋ ಮರಿಯದ ಮೊದಲ ಭಾಗಕ್ಕೆ ಮೆಲ್ಲಗೆ ದನಿ ಸೇರಿಸಿದರು. ಎರಡನೇ ಭಾಗ "ಸಂತ ಮರಿಯಾ" ಅಂತ ಬಂದಾಗ ಸುಮ್ಮನಾದರು. ಅದನ್ನು ನಾನೊಬ್ಬಳೇ ಹೇಳಿದೆ. ನಾನು ಮುಗಿಸುವವರೆಗೂ ಕಾದರು.

ಶುಕ್ರವಾರ, ಶನಿವಾರ ಕೂಡ ಹೀಗೇ ಆಯಿತು. ಇವತ್ತು ಭಾನುವಾರ, ಮಹಿಮೆಯ ರಹಸ್ಯಗಳು. ಪುನರುತ್ಥಾನ, ಸ್ವರ್ಗಾರೋಹಣ, ಪವಿತ್ರಾತ್ಮ ಇಳಿದು ಬಂದದ್ದು, ಮೂರಕ್ಕೂ ವಚನ ಓದಿದರು. ನಾಲ್ಕನೆಯದು ಮರಿಯಮ್ಮ ಸ್ವರ್ಗಕ್ಕೆ ಒಯ್ಯಲ್ಪಟ್ಟದ್ದು, ಐದನೆಯದು ಮುಕುಟ ಧರಿಸಿದ್ದು. ಇವೆರಡಕ್ಕೆ ಎಲ್ಲಿ ಓದಬೇಕು ಅಂತ ಕೇಳಿದರು. ಮೊದಲ ಮೂರರ ಹಾಗೆ ನೇರವಾದ ವಚನ ಇಲ್ಲ ಅತ್ತೆ ಅಂದೆ. ಅವರು ಬೈಬಲ್ ಮುಚ್ಚಿ, ಒಲೆ ಮೇಲೆ ಚಹಾ ಇಡಲು ಎದ್ದರು. ಉಳಿದ ಎರಡನ್ನು ನಾನು ಅಲ್ಲೇ ಕೂತು ಮುಗಿಸಿದೆ. ಕೋಣೆಗೆ ಹೋಗಲಿಲ್ಲ.