ಟರ್ಮಿನಲ್‌ನಲ್ಲಿ ಬಿಲ್ಡ್ ಸಕ್ಸಸ್, ಎಕ್ಲಿಪ್ಸ್‌ನಲ್ಲಿ ಮಾತ್ರ ಎಲ್ಲ ಕೆಂಪು: ಮೇವನ್ ಪ್ರಾಜೆಕ್ಟ್

ಮಲ್ಪೆಬಂದರು:

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಒಂದು ಸಣ್ಣ ಆಫೀಸಿನಲ್ಲಿ ಜಾವಾ ಕೆಲಸ ನನ್ನದು, ಮನೆ ಉಡುಪಿಯಲ್ಲಿ. ಬಂದರಿನಲ್ಲಿ ಮೀನಿನ ಏಲಂ ಲೆಕ್ಕ ಇಡುವ ಸಾಫ್ಟ್‌ವೇರ್ ಮಾಡುತ್ತಿದ್ದೇವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಆಗಸ್ಟ್‌ನಲ್ಲಿ ದೋಣಿ ಇಳಿಯುವಾಗ ಹೊಸ ಆವೃತ್ತಿ ಕೈಗೆ ಕೊಡಬೇಕು. ಹಾಗಾಗಿ ಸ್ವಲ್ಪ ಅವಸರ ಉಂಟು.

ಆಫೀಸಿನಿಂದ ಹೊಸ ವಿಂಡೋಸ್ ಲ್ಯಾಪ್‌ಟಾಪ್ ಕೊಟ್ಟರು. ಮೇವನ್ (ಬೇಕಾದ ಲೈಬ್ರರಿಗಳನ್ನು ನೆಟ್ಟಿನಿಂದ ಇಳಿಸಿ ಪ್ರಾಜೆಕ್ಟ್ ಬಿಲ್ಡ್ ಮಾಡುವ ಸಾಧನ) ಮತ್ತು ಜಾವಾ 17 ಅವರೇ ಹಾಕಿ ಕೊಟ್ಟಿದ್ದಾರೆ. ಕೋಡ್ ಬರೆಯಲು ಬಳಸುವ ಎಕ್ಲಿಪ್ಸ್ ನಾನು ಹಾಕಿಕೊಂಡೆ. ಗಿಟ್‌ನಿಂದ ಪ್ರಾಜೆಕ್ಟ್ ಇಳಿಸಿ ಟರ್ಮಿನಲ್‌ನಲ್ಲಿ ಎಂವಿಎನ್ ಕ್ಲೀನ್ ಇನ್‌ಸ್ಟಾಲ್ ಕೊಟ್ಟರೆ ಬಿಲ್ಡ್ ಸಕ್ಸಸ್ ಬರುತ್ತದೆ. ಅದೇ ಪ್ರಾಜೆಕ್ಟನ್ನು ಎಕ್ಲಿಪ್ಸ್‌ಗೆ ಇಂಪೋರ್ಟ್ ಮಾಡಿದರೆ ಎಲ್ಲ ಫೈಲುಗಳಲ್ಲಿ ಕೆಂಪು. ಪ್ರಾಬ್ಲಮ್ಸ್ ವ್ಯೂನಲ್ಲಿ ಎರರ್‌ಗಳ ರಾಶಿಯೇ ಇದೆ. ನಾವು ಬಳಸುವ ಸ್ಪ್ರಿಂಗ್ ಲೈಬ್ರರಿಯ ಕ್ಲಾಸ್‌ಗಳು ಯಾವುದೂ ಸಿಗುತ್ತಿಲ್ಲ. ಪ್ರಾಜೆಕ್ಟಿಗೆ ಏನೇನು ಬೇಕು ಅಂತ ಮೇವನ್‌ಗೆ ಹೇಳುವ ಪಾಮ್ ಫೈಲಿನ ಮೇಲ್ಗಡೆ ನಾನ್-ರಿಸಾಲ್ವಬಲ್ ಪೇರೆಂಟ್ ಪಾಮ್, ಅಂದರೆ ಅದು ಆಧರಿಸಿದ ಮೂಲ ಪಾಮ್ ಸಿಗುತ್ತಿಲ್ಲ, ಅಂತ ಬರುತ್ತದೆ.

ಆಫೀಸಿನಲ್ಲಿ ನೆಟ್ಟಿಗೆ ಪ್ರಾಕ್ಸಿ (ನಡುವಿನ ಸರ್ವರ್) ಮೂಲಕ ಹೋಗಬೇಕು, ಅದರದ್ದೇ ತೊಂದರೆ ಇರಬಹುದು ಅಂತ ಮನೆಗೆ ಬಂದು ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ನೋಡಿದೆ. ಅಲ್ಲೂ ಅದೇ ಎರರ್. ಪ್ರಾಜೆಕ್ಟ್ ಕ್ಲೀನ್ ಮಾಡಿದೆ, ಎಕ್ಲಿಪ್ಸ್ ಮುಚ್ಚಿ ತೆರೆದೆ. ಮೇವನ್ ಇಳಿಸಿದ್ದನ್ನು ಇಡುವ ಡಾಟ್ ಎಂ2 ಫೋಲ್ಡರ್ ಪೂರ್ತಿ ಡಿಲೀಟ್ ಮಾಡು ಅಂತ ಒಬ್ಬರು ಹೇಳಿದರು. ಈ ಮಳೆಗೆ ಕರೆಂಟೂ ನೆಟ್ಟೂ ಹೋಗಿ ಬಂದು ಮಾಡುತ್ತಿದೆ, ಎಲ್ಲ ಮತ್ತೆ ಇಳಿಸಲು ಧೈರ್ಯ ಬರುತ್ತಿಲ್ಲ. ಎಂತ ಮಾಡಬಹುದು?

ಕದ್ರಿಕಂಬಳ:

ಡಾಟ್ ಎಂ2 ಡಿಲೀಟ್ ಮಾಡಬೇಡಿ ಮಾರಾಯ್ರೇ. ಕಾರಣ ಗೊತ್ತಾಗದೆ ಅದನ್ನು ಅಳಿಸಿದರೆ ನೂರಾರು ಎಂಬಿ ಖರ್ಚಾಗುತ್ತದೆ, ಎರರ್ ಮತ್ತೆ ಹಾಗೇ ನಿಲ್ಲುತ್ತದೆ.

ಮೊದಲು ಒಂದು ವಿಷಯ ತಿಳಿದುಕೊಳ್ಳಿ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಮೇವನ್ ಎರಡಿದೆ. ಟರ್ಮಿನಲ್‌ನಲ್ಲಿ ಓಡುವುದು ಆಫೀಸಿನವರು ಹಾಕಿದ್ದು. ಎಕ್ಲಿಪ್ಸ್ ಒಳಗೆ ಎಂ2ಇ ಅಂತ ಒಂದು ಪ್ಲಗಿನ್ ಇದೆ, ಅದರ ಹೊಟ್ಟೆಯಲ್ಲಿ ಇನ್ನೊಂದು ಮೇವನ್ ಇದೆ. ಎಕ್ಲಿಪ್ಸ್‌ಗೆ ಪ್ರಾಜೆಕ್ಟಿನ ಡಿಪೆಂಡೆನ್ಸಿ (ಅದಕ್ಕೆ ಬೇಕಾದ ಲೈಬ್ರರಿಗಳು) ಹುಡುಕಿ ಕೊಡುವುದು ಈ ಎರಡನೆಯದು. ಪ್ರಿಫರೆನ್ಸಸ್‌ನ ಮೇವನ್ ಇನ್‌ಸ್ಟಲೇಶನ್ಸ್ ಪುಟದಲ್ಲಿ ಹೊರಗಿನ ಮೇವನ್ ಆರಿಸಿದರೂ ಅದು ರನ್ ಆ್ಯಸ್ ಮೇವನ್ ಬಿಲ್ಡ್ ಕೊಟ್ಟಾಗ ಮಾತ್ರ ಬಳಕೆಗೆ ಬರುತ್ತದೆ. ಎಡಿಟರಿನ ಕೆಂಪು ಗೆರೆಗೂ ಅದಕ್ಕೂ ಸಂಬಂಧ ಇಲ್ಲ. ಜಾವಾ ಕೂಡ ಹೀಗೇ ಎರಡು. ಈಗಿನ ಎಕ್ಲಿಪ್ಸ್ ಪ್ಯಾಕೇಜುಗಳು ತಮ್ಮದೇ ಒಂದು ಜೆಆರ್‌ಇಯನ್ನು (ಜಾವಾ ಓಡಿಸುವ ಭಾಗ) ಜೊತೆಗೆ ತರುತ್ತವೆ.

ಟರ್ಮಿನಲ್‌ನಲ್ಲಿ ಬಿಲ್ಡ್ ಆಗುತ್ತದೆ ಅಂದರೆ ಪಾಮ್ ಸರಿ ಇದೆ. ಸದ್ಯಕ್ಕೆ ಅದನ್ನು ಮುಟ್ಟಬೇಡಿ. ಆ ಎರಡರ ನಡುವೆ ಎಲ್ಲಿ ವ್ಯತ್ಯಾಸ ಇದೆ ಅಂತ ಮಾತ್ರ ಹುಡುಕಿ.

ಟರ್ಮಿನಲ್‌ನಲ್ಲಿ ಎಂವಿಎನ್ ಮುಂದೆ ಹೈಫನ್ ಕ್ಯಾಪಿಟಲ್ ಎಕ್ಸ್ ಹಾಕಿ ವ್ಯಾಲಿಡೇಟ್ ಕೊಡಿ. ಮೊದಲ ಕೆಲವು ಸಾಲುಗಳಲ್ಲೇ ಗ್ಲೋಬಲ್ ಸೆಟ್ಟಿಂಗ್ಸ್ ಎಲ್ಲಿಂದ ಓದಿತು, ಯೂಸರ್ ಸೆಟ್ಟಿಂಗ್ಸ್ ಎಲ್ಲಿಂದ ಓದಿತು, ಇಳಿಸಿದ ಲೈಬ್ರರಿಗಳನ್ನು ಇಡುವ ಲೋಕಲ್ ರೆಪಾಸಿಟರಿ ಯಾವ ಫೋಲ್ಡರ್ ಅಂತ ಬರೆದಿರುತ್ತದೆ. ಆಮೇಲೆ ಎಕ್ಲಿಪ್ಸ್‌ನಲ್ಲಿ ಪ್ರಿಫರೆನ್ಸಸ್, ಮೇವನ್, ಯೂಸರ್ ಸೆಟ್ಟಿಂಗ್ಸ್ ತೆರೆದು ಅದೇ ಮೂರು ವಿಷಯ ಹೋಲಿಸಿ ನೋಡಿ. ಕನ್ಸೋಲ್ ವ್ಯೂನಲ್ಲಿ ಮೇವನ್ ಕನ್ಸೋಲ್ ಅಂತ ಒಂದು ಆಯ್ಕೆ ಇದೆ, ಎಂ2ಇಯ ನಿಜವಾದ ದೂರು ಅಲ್ಲಿ ಸಿಗುತ್ತದೆ. ಮೂರನ್ನೂ ಇಲ್ಲಿ ಹಾಕಿ. ಪ್ರಾಕ್ಸಿ ಪಾಸ್‌ವರ್ಡ್ ಅಳಿಸಿ ಹಾಕಿ.

ಮಲ್ಪೆಬಂದರು:

ನೋಡಿದೆ ಸರ್. ಟರ್ಮಿನಲ್ ಹೇಳುವುದು: ಗ್ಲೋಬಲ್ ಸೆಟ್ಟಿಂಗ್ಸ್ ಮೇವನ್ ಫೋಲ್ಡರಿನ ಕಾನ್ಫ್ ಒಳಗಿನ ಸೆಟ್ಟಿಂಗ್ಸ್ ಎಕ್ಸ್‌ಎಂಎಲ್, ಲೋಕಲ್ ರೆಪಾಸಿಟರಿ ಡಿ ಡ್ರೈವ್‌ನಲ್ಲಿ. ಎಕ್ಲಿಪ್ಸ್‌ನಲ್ಲಿ ಗ್ಲೋಬಲ್ ಸೆಟ್ಟಿಂಗ್ಸ್ ಜಾಗ ಖಾಲಿ. ರೆಪಾಸಿಟರಿ ಸಿ ಡ್ರೈವ್‌ನಲ್ಲಿ ನನ್ನ ಹೆಸರಿನ ಫೋಲ್ಡರಿನೊಳಗಿನ ಡಾಟ್ ಎಂ2. ಅಲ್ಲಿ ಸೆಟ್ಟಿಂಗ್ಸ್ ಫೈಲೇ ಇಲ್ಲ.

ಮೇವನ್ ಕನ್ಸೋಲ್‌ನಲ್ಲಿ ಬಂದದ್ದು: ಸ್ಪ್ರಿಂಗ್ ಬೂಟ್ ಪೇರೆಂಟ್ ತರುವುದು ವಿಫಲವಾಯಿತು, ಆ ವೈಫಲ್ಯ ಲೋಕಲ್ ರೆಪಾಸಿಟರಿಯಲ್ಲಿ ಕ್ಯಾಶ್ ಆಗಿದೆ, ಅಪ್‌ಡೇಟ್ ಇಂಟರ್ವಲ್ ಮುಗಿಯುವವರೆಗೆ ಅಥವಾ ಫೋರ್ಸ್ ಮಾಡುವವರೆಗೆ ಮತ್ತೆ ಪ್ರಯತ್ನ ಮಾಡುವುದಿಲ್ಲ ಅಂತ.

ಕದ್ರಿಕಂಬಳ:

ಸಿಕ್ಕಿತು. ಮನೆಯಲ್ಲೂ ಯಾಕೆ ಆಗಲಿಲ್ಲ ಅನ್ನುವುದಕ್ಕೂ ಉತ್ತರ ಇದರಲ್ಲೇ ಇದೆ.

ಆಫೀಸಿನವರು ಪ್ರಾಕ್ಸಿಯನ್ನೂ ಡಿ ಡ್ರೈವ್ ರೆಪಾಸಿಟರಿಯನ್ನೂ ಮೇವನ್‌ನ ಕಾನ್ಫ್ ಫೋಲ್ಡರಿನಲ್ಲಿ ಬರೆದಿಟ್ಟಿದ್ದಾರೆ. ಟರ್ಮಿನಲ್‌ನ ಮೇವನ್ ತನ್ನ ಮನೆಯೊಳಗಿನ ಆ ಫೈಲನ್ನು ಓದುತ್ತದೆ. ಎಂ2ಇಗೆ ಆ ಫೋಲ್ಡರ್ ಇದೆ ಅಂತಲೇ ಗೊತ್ತಿಲ್ಲ. ಹಾಗಾಗಿ ಅದು ಪ್ರಾಕ್ಸಿ ಇಲ್ಲದೆ ಲೈಬ್ರರಿಗಳ ನೆಟ್ ಭಂಡಾರವಾದ ಮೇವನ್ ಸೆಂಟ್ರಲ್‌ಗೆ ನೇರ ಹೋಗಲು ನೋಡಿತು, ಆಫೀಸಿನ ಫೈರ್‌ವಾಲ್ ಬಿಡಲಿಲ್ಲ. ಆಗ ಪ್ರತಿ ಫೈಲಿನ ಜಾಗದಲ್ಲೂ ಕೊನೆಯಲ್ಲಿ ಲಾಸ್ಟ್‌ಅಪ್‌ಡೇಟೆಡ್ ಅಂತ ಹೆಸರಿರುವ ಒಂದು ಸಣ್ಣ ಗುರುತು ಬರೆದಿಟ್ಟಿತು. ಆ ಗುರುತು ಇದ್ದರೆ ಸಾಮಾನ್ಯವಾಗಿ ಒಂದು ದಿನ ಅದು ಮತ್ತೆ ಕೇಳುವುದೇ ಇಲ್ಲ. ನೀವು ಮನೆಯಲ್ಲಿ ಹಾಟ್‌ಸ್ಪಾಟ್ ಹಾಕಿದಾಗ ನೆಟ್ ಸರಿ ಇತ್ತು. ಆದರೆ ಎಕ್ಲಿಪ್ಸ್ ನೆಟ್ಟಿಗೆ ಹೋಗಲೇ ಇಲ್ಲ, ಹಳೆಯ ವೈಫಲ್ಯವನ್ನೇ ಓದಿ ಹೇಳಿತು.

ಸರಿ ಮಾಡಲು ಎರಡು ದಾರಿ. ಯೂಸರ್ ಸೆಟ್ಟಿಂಗ್ಸ್ ಪುಟದಲ್ಲಿ ಗ್ಲೋಬಲ್ ಸೆಟ್ಟಿಂಗ್ಸ್ ಜಾಗಕ್ಕೆ ಆ ಕಾನ್ಫ್ ಫೈಲಿನ ದಾರಿ ಕೊಡಬಹುದು. ನನಗೆ ಇಷ್ಟವಾಗುವುದು ಇನ್ನೊಂದು. ಕಾನ್ಫ್ ಫೈಲಿನಲ್ಲಿರುವ ಪ್ರಾಕ್ಸಿ, ರೆಪಾಸಿಟರಿ ಭಾಗವನ್ನು ನಿಮ್ಮ ಡಾಟ್ ಎಂ2 ಫೋಲ್ಡರಿನಲ್ಲಿ ಹೊಸ ಸೆಟ್ಟಿಂಗ್ಸ್ ಎಕ್ಸ್‌ಎಂಎಲ್ ಮಾಡಿ ಅಲ್ಲಿ ಹಾಕಿ. ಆ ಜಾಗವನ್ನು ಎರಡೂ ಮೇವನ್‌ಗಳು ತಾವಾಗಿಯೇ ಓದುತ್ತವೆ. ಮುಂದೆ ಮೇವನ್ ಆವೃತ್ತಿ ಬದಲಿಸಿದರೂ ಅದು ಉಳಿಯುತ್ತದೆ.

ಆಮೇಲೆ ಪ್ರಾಜೆಕ್ಟಿನ ಮೇಲೆ ಆಲ್ಟ್ ಎಫ್5 ಒತ್ತಿ. ಬರುವ ಡಬ್ಬಿಯಲ್ಲಿ ಫೋರ್ಸ್ ಅಪ್‌ಡೇಟ್ ಆಫ್ ಸ್ನ್ಯಾಪ್‌ಶಾಟ್ಸ್/ರಿಲೀಸಸ್ ಟಿಕ್ ಮಾಡಲೇಬೇಕು. ಟಿಕ್ ಇಲ್ಲದೆ ಎಷ್ಟು ಅಪ್‌ಡೇಟ್ ಕೊಟ್ಟರೂ ಹಳೆಯ ಗುರುತೇ ಮಾತಾಡುತ್ತದೆ.

ಹಾಟ್‌ಸ್ಪಾಟ್‌ನಲ್ಲಿ ಕೆಲಸ ಮಾಡುವಾಗ ಸೆಟ್ಟಿಂಗ್ಸ್‌ನ ಪ್ರಾಕ್ಸಿ ಭಾಗದಲ್ಲಿ ಆ್ಯಕ್ಟಿವ್ ಅನ್ನುವುದನ್ನು ಫಾಲ್ಸ್ ಮಾಡಿಕೊಳ್ಳಿ. ಆಫೀಸಿಗೆ ಹೋದಾಗ ಮತ್ತೆ ಟ್ರೂ.

ಮಣ್ಣಪಳ್ಳ:

ಒಂದು ಸೇರಿಸುತ್ತೇನೆ. ಡೌನ್‌ಲೋಡ್ ಅರ್ಧದಲ್ಲಿ ನಿಂತು ಜಾರ್ (ಲೈಬ್ರರಿಯ ಫೈಲ್) ಹಾಳಾದರೆ ಎರರ್ ಬೇರೆ ಥರ ಇರುತ್ತದೆ. ಇನ್‌ವ್ಯಾಲಿಡ್ ಲಾಕ್ ಹೆಡರ್ ಅಂತಲೋ, ಜಿಪ್ ಎಂಡ್ ಹೆಡರ್ ಸಿಗಲಿಲ್ಲ ಅಂತಲೋ ಬರುತ್ತದೆ. ಅದಕ್ಕೆ ಫೋರ್ಸ್ ಅಪ್‌ಡೇಟ್ ಸಾಲದು. ಫೈಲ್ ಅಲ್ಲಿ ಇದೆಯಲ್ಲ, ಇದ್ದದ್ದೇ ಸರಿ ಅಂತ ಮೇವನ್ ತಿಳಿಯುತ್ತದೆ. ಎರರ್‌ನಲ್ಲಿ ಹೆಸರು ಬಂದ ಆ ಒಂದು ಜಾರ್‌ನ ಆವೃತ್ತಿ ಫೋಲ್ಡರ್ ಮಾತ್ರ ಅಳಿಸಿ ಮತ್ತೆ ಅಪ್‌ಡೇಟ್ ಕೊಡಿ.

ಮಲ್ಪೆಬಂದರು:

ಡಾಟ್ ಎಂ2ನಲ್ಲೇ ಸೆಟ್ಟಿಂಗ್ಸ್ ಇಟ್ಟೆ. ರೆಪಾಸಿಟರಿ ಈಗ ಎರಡಕ್ಕೂ ಡಿ ಡ್ರೈವ್‌ನದ್ದೇ. ಪೇರೆಂಟ್ ಎರರ್ ಹೋಯಿತು, ಸ್ಪ್ರಿಂಗ್ ಕ್ಲಾಸ್‌ಗಳೆಲ್ಲ ಸಿಕ್ಕಿದವು! ತುಂಬ ಉಪಕಾರ ಆಯಿತು.

ಆದರೆ ಈಗ ಬೇರೆ ಎರರ್‌ಗಳು ಬಂದಿವೆ. ಹೊಸದಾಗಿ ಒಂದು ಡಿಪೆಂಡೆನ್ಸಿ ಸೇರಿಸಿದರೆ ಎಕ್ಲಿಪ್ಸ್ ಪಿಕೆಐಎಕ್ಸ್ ಪಾತ್ ಬಿಲ್ಡಿಂಗ್ ಫೇಲ್ಡ್ ಅನ್ನುತ್ತದೆ. ಪಾಮ್‌ನಲ್ಲಿ ಪ್ಲಗಿನ್ ಎಕ್ಸಿಕ್ಯೂಷನ್ ನಾಟ್ ಕವರ್ಡ್ ಬೈ ಲೈಫ್‌ಸೈಕಲ್ ಕಾನ್ಫಿಗರೇಶನ್ ಅಂತ ಎರಡು ಕಡೆ ಕೆಂಪು. ಮತ್ತೆ ನಮ್ಮದೇ ಕ್ಲಾಸ್‌ಗಳಲ್ಲಿ ಬೆಲೆ ಓದುವ, ಬದಲಿಸುವ ಗೆಟರ್, ಸೆಟರ್ ಮೆಥಡ್‌ಗಳು ಇಲ್ಲ ಅನ್ನುತ್ತದೆ. ಬಿಲ್ಡ್ ಆಗುವಾಗ ಇಂಥ ಕೋಡನ್ನು ತಾವಾಗಿಯೇ ಬರೆದುಕೊಡುವ ಲಾಂಬಾಕ್ ಮತ್ತು ಮ್ಯಾಪ್‌ಸ್ಟ್ರಕ್ಟ್ ಬಳಸುತ್ತೇವೆ.

ಕದ್ರಿಕಂಬಳ:

ಇವು ಮೊದಲೂ ಇದ್ದವು. ಪೇರೆಂಟ್ ಸಿಗದೆ ಎಂ2ಇ ಅಲ್ಲಿಯವರೆಗೆ ತಲುಪಿರಲಿಲ್ಲ. ಪ್ರಾಬ್ಲಮ್ಸ್ ವ್ಯೂನಲ್ಲಿ ಟೈಪ್ ಅನ್ನುವ ಕಾಲಮ್ ನೋಡಿ. ಮೇವನ್ ಪ್ರಾಬ್ಲಮ್ ಅಂತ ಇರುವುದನ್ನೆಲ್ಲ ಮೊದಲು ಮುಗಿಸಿ. ಜಾವಾ ಪ್ರಾಬ್ಲಮ್ ಅಂತ ಇರುವುದರಲ್ಲಿ ಮುಕ್ಕಾಲು ಪಾಲು ಅದರ ಬೆನ್ನಿಗೇ ಹೋಗುತ್ತದೆ.

ಪಿಕೆಐಎಕ್ಸ್ ಅಂದರೆ ಸರ್ಟಿಫಿಕೇಟಿನ ವಿಷಯ. ಕೆಲವು ಆಫೀಸುಗಳ ಫೈರ್‌ವಾಲ್ ಎಚ್‌ಟಿಟಿಪಿಎಸ್ ಸಂಪರ್ಕವನ್ನು ನಡುವೆ ಬಿಚ್ಚಿ ನೋಡಿ ತನ್ನದೇ ಸರ್ಟಿಫಿಕೇಟ್ ಹಾಕಿ ಕಳಿಸುತ್ತದೆ. ಟರ್ಮಿನಲ್‌ನಲ್ಲಿ ಕೆಲಸ ಆಗುತ್ತಿದೆ ಅಂದರೆ ಆಫೀಸಿನವರು ಅದನ್ನು ಜಾವಾ 17 ನಂಬುವ ಸರ್ಟಿಫಿಕೇಟುಗಳಿರುವ ಸಿಎಸರ್ಟ್ಸ್ ಫೈಲಿಗೆ ಸೇರಿಸಿರಬೇಕು. ಎಕ್ಲಿಪ್ಸ್ ಓಡುವುದು ತನ್ನದೇ ಜಾವಾ ಮೇಲೆ, ಅದಕ್ಕೆ ಆ ಸರ್ಟಿಫಿಕೇಟ್ ಗೊತ್ತಿಲ್ಲ. ಹೆಲ್ಪ್, ಅಬೌಟ್, ಇನ್‌ಸ್ಟಲೇಶನ್ ಡೀಟೇಲ್ಸ್, ಕಾನ್ಫಿಗರೇಶನ್‌ನಲ್ಲಿ ಜಾವಾ ಡಾಟ್ ಹೋಮ್ ಹುಡುಕಿ, ಖಚಿತ ಆಗುತ್ತದೆ. ವಿಂಡೋಸ್ ಆದ ಕಾರಣ ನಿಮಗೆ ಸುಲಭದ ಉಪಾಯ ಇದೆ. ಎಕ್ಲಿಪ್ಸ್ ಡಾಟ್ ಐಎನ್‌ಐ ಫೈಲಿನಲ್ಲಿ ವಿಎಂಆರ್ಗ್ಸ್ ಸಾಲಿನ ಕೆಳಗೆ ಟ್ರಸ್ಟ್‌ಸ್ಟೋರ್‌ಟೈಪ್ ಆಯ್ಕೆಗೆ ವಿಂಡೋಸ್-ರೂಟ್ ಅಂತ ಬೆಲೆ ಕೊಡಿ. ವಿಂಡೋಸ್ ನಂಬುವ ಸರ್ಟಿಫಿಕೇಟುಗಳನ್ನು ಎಕ್ಲಿಪ್ಸ್ ಕೂಡ ನಂಬುತ್ತದೆ. ಸರ್ಟಿಫಿಕೇಟ್ ಪರೀಕ್ಷೆಯನ್ನೇ ಆಫ್ ಮಾಡುವ ಸಲಹೆ ಅಲ್ಲಲ್ಲಿ ಕಾಣುತ್ತದೆ. ದಯವಿಟ್ಟು ಅದನ್ನು ಮಾಡಬೇಡಿ. ಬಿಲ್ಡ್‌ಗೆ ಬರುವ ಜಾರ್ ನಿಜವಾಗಿ ಎಲ್ಲಿಂದ ಬಂತು ಅಂತ ತಿಳಿಯುವ ದಾರಿಯನ್ನೇ ಮುಚ್ಚಿದ ಹಾಗೆ ಆಗುತ್ತದೆ.

ಲೈಫ್‌ಸೈಕಲ್ ಎರರ್‌ಗೆ ಹೆದರಬೇಡಿ, ಅದು ಪ್ರಶ್ನೆ ಅಷ್ಟೇ. ಟರ್ಮಿನಲ್ ಮೇವನ್ ಬಿಲ್ಡ್ ಅಂದರೆ ಎಲ್ಲ ಪ್ಲಗಿನ್‌ಗಳನ್ನೂ ಸಾಲಾಗಿ ಓಡಿಸಿ ಮುಗಿಸುತ್ತದೆ. ಎಕ್ಲಿಪ್ಸ್ ನೀವು ಫೈಲ್ ಸೇವ್ ಮಾಡಿದಾಗಲೆಲ್ಲ ಬಿಲ್ಡ್ ಮಾಡುತ್ತದೆ. ಹಾಗೆ ಪದೇ ಪದೇ ಓಡಿಸಲು ಯಾವ ಪ್ಲಗಿನ್ ಸುರಕ್ಷಿತ ಅಂತ ಅದಕ್ಕೆ ಗೊತ್ತಿಲ್ಲ, ಹಾಗಾಗಿ ನಿಮ್ಮನ್ನು ಕೇಳುತ್ತದೆ. ಆ ಎರರ್ ಮೇಲೆ ಕಂಟ್ರೋಲ್ 1 ಒತ್ತಿದರೆ ಇಗ್ನೋರ್ ಮಾಡುವ ಆಯ್ಕೆ ಬರುತ್ತದೆ. ಸುಮ್ನೆ ಎಲ್ಲದಕ್ಕೂ ಅದನ್ನೇ ಒತ್ತಬೇಡಿ. ನಿಮ್ಮ ಎರಡು ಪ್ಲಗಿನ್ ಯಾವುವು?

ಮಲ್ಪೆಬಂದರು:

ಒಂದು ಫೈಲುಗಳ ಮೇಲ್ಗಡೆ ಲೈಸೆನ್ಸ್ ಸಾಲು ಇದೆಯಾ ಅಂತ ನೋಡುವುದು. ಇನ್ನೊಂದು ಬ್ಯಾಂಕ್ ಕೊಟ್ಟ ಎಕ್ಸ್‌ಎಸ್‌ಡಿಯಿಂದ (ಎಕ್ಸ್‌ಎಂಎಲ್ ಹೇಗಿರಬೇಕು ಅಂತ ಹೇಳುವ ಫೈಲ್) ಜಾವಾ ಕ್ಲಾಸ್ ಮಾಡುವುದು.

ಕದ್ರಿಕಂಬಳ:

ಹಾಗಾದರೆ ಲೈಸೆನ್ಸ್‌ನದ್ದನ್ನು ಇಗ್ನೋರ್ ಮಾಡಿ, ಅದು ಟರ್ಮಿನಲ್ ಬಿಲ್ಡ್‌ನಲ್ಲಿ ಓಡಿದರೆ ಸಾಕು. ಎಕ್ಸ್‌ಎಸ್‌ಡಿಯದ್ದನ್ನು ಇಗ್ನೋರ್ ಮಾಡಿದರೆ ಬಿಲ್ಡ್ ಆದದ್ದು ಬೀಳುವ ಟಾರ್ಗೆಟ್ ಫೋಲ್ಡರ್ ಕ್ಲೀನ್ ಆದ ತಕ್ಷಣ ಆ ಕ್ಲಾಸ್‌ಗಳು ಮಾಯ ಆಗುತ್ತವೆ, ಮತ್ತೆ ಕೆಂಪು. ಅದಕ್ಕೆ ಎಕ್ಸಿಕ್ಯೂಟ್ ಅಂತ ಹೇಳಬೇಕು. ಎಂ2ಇ 1.7ರಿಂದ ಈಚೆಗೆ ಪಾಮ್‌ನ ಆ ಎಕ್ಸಿಕ್ಯೂಷನ್ ಟ್ಯಾಗಿನೊಳಗೇ ಒಂದು ಸಾಲಿನ ಸೂಚನೆ ಬರೆದು ಇದನ್ನು ಹೇಳಬಹುದು. ಆನ್‌ಕಾನ್ಫಿಗರೇಶನ್ ಅಂತ ಸೇರಿಸಿ, ಪ್ರಾಜೆಕ್ಟ್ ಅಪ್‌ಡೇಟ್ ಮಾಡಿದಾಗಲೂ ಓಡುತ್ತದೆ. ಟರ್ಮಿನಲ್ ಮೇವನ್ ಆ ಸೂಚನೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಬೇರೆಯವರ ಬಿಲ್ಡ್‌ಗೆ ತೊಂದರೆ ಇಲ್ಲ.

ಮಣ್ಣಪಳ್ಳ:

ಲಾಂಬಾಕ್ ನಾನು ಹೇಳುತ್ತೇನೆ. ಟರ್ಮಿನಲ್‌ನಲ್ಲಿ ಕಂಪೈಲ್ ಮಾಡುವುದು ಜಾವಾದ ಜೊತೆ ಬರುವ ಜಾವಾಸಿ. ಎಕ್ಲಿಪ್ಸ್‌ಗೆ ತನ್ನದೇ ಕಂಪೈಲರ್ ಇದೆ, ಇಸಿಜೆ ಅಂತ. ಪಾಮ್‌ನಲ್ಲಿ ಲಾಂಬಾಕ್ ಬರೆದ ಮಾತ್ರಕ್ಕೆ ಇಸಿಜೆಗೆ ಗೆಟರ್‌ಗಳು ಕಾಣುವುದಿಲ್ಲ. ರೆಪಾಸಿಟರಿಯಲ್ಲಿರುವ ಲಾಂಬಾಕ್ ಜಾರ್ ಅನ್ನೇ ಡಬಲ್ ಕ್ಲಿಕ್ ಮಾಡಿ ಓಡಿಸಿ, ಎಕ್ಲಿಪ್ಸ್ ಇರುವ ಜಾಗ ತೋರಿಸಿ. ಅದು ಐಎನ್‌ಐ ಫೈಲಿನಲ್ಲಿ ಜಾವಾಏಜೆಂಟ್ ಸಾಲು ಸೇರಿಸುತ್ತದೆ. ಆಮೇಲೆ ಎಕ್ಲಿಪ್ಸ್ ಪೂರ್ತಿ ಮುಚ್ಚಿ ತೆರೆಯಿರಿ.

ಮ್ಯಾಪ್‌ಸ್ಟ್ರಕ್ಟ್‌ಗೆ ಪ್ರಿಫರೆನ್ಸಸ್, ಮೇವನ್, ಆ್ಯನೋಟೇಶನ್ ಪ್ರೊಸೆಸಿಂಗ್‌ನಲ್ಲಿ ಆಟೊಮ್ಯಾಟಿಕಲಿ ಕಾನ್ಫಿಗರ್ ಅನ್ನುವುದನ್ನು ಆರಿಸಿ ಆಲ್ಟ್ ಎಫ್5.

ಎಕ್ಲಿಪ್ಸ್ ಒಳಗಿಂದಲೇ ಮೇವನ್ ಇನ್‌ಸ್ಟಾಲ್ ಓಡಿಸಿದಾಗ ಜೆಸಿಟ್ರೀ, ಜೆಸಿಇಂಪೋರ್ಟ್ ಅಂತ ಹೆಸರಿರುವ ನೋಸಚ್‌ಫೀಲ್ಡ್ ಎರರ್ ಬಂದರೆ, ಅದು ಜಾವಾ 21ರ ಮೇಲೆ ಹಳೆಯ ಲಾಂಬಾಕ್ ಓಡುತ್ತಿರುವ ಲಕ್ಷಣ. ಲಾಂಬಾಕ್ 1.18.30 ಅಥವಾ ಅದಕ್ಕಿಂತ ಹೊಸದು ಬೇಕು. ಇಲ್ಲದಿದ್ದರೆ ಇನ್‌ಸ್ಟಾಲ್ಡ್ ಜೆಆರ್‌ಇಸ್‌ನಲ್ಲಿ ನಿಮ್ಮ ಜೆಡಿಕೆ 17 ಸೇರಿಸಿ ಅದನ್ನೇ ಡಿಫಾಲ್ಟ್ ಮಾಡಿ.

ಗ್ರೇಡಲ್ (ಮೇವನ್ ಥರದ್ದೇ ಇನ್ನೊಂದು ಬಿಲ್ಡ್ ಸಾಧನ) ಬಳಸುವವರಿಗೂ ಇದೇ ಥರ ಆಗುತ್ತದೆ. ಅನ್‌ಸಪೋರ್ಟೆಡ್ ಕ್ಲಾಸ್ ಫೈಲ್ ಮೇಜರ್ ವರ್ಶನ್ 65 ಅಂದರೆ ಜಾವಾ 21, 61 ಅಂದರೆ ಜಾವಾ 17. ಗ್ರೇಡಲ್ ಜಾವಾ 21ರ ಮೇಲೆ ಓಡಲು ಕನಿಷ್ಠ 8.5 ಬೇಕು, 17ಕ್ಕೆ 7.3. ಎಕ್ಲಿಪ್ಸ್ ಥರದ್ದೇ ಆದ ಇಂಟೆಲಿಜೆಯಲ್ಲಿ ಗ್ರೇಡಲ್ ಜೆವಿಎಂ ಅಂತ ಬೇರೆಯೇ ಸೆಟ್ಟಿಂಗ್ ಇದೆ, ಅದನ್ನು ನೋಡಿ.

ಮಲ್ಪೆಬಂದರು:

ಕೆಂಪು ಎಲ್ಲ ಹೋಯಿತು! ಲಾಂಬಾಕ್ ಹಾಕಿ ತೆರೆದ ಕೂಡಲೇ ಗೆಟರ್‌ಗಳು ಬಂದವು. ಎಕ್ಸ್‌ಎಸ್‌ಡಿ ಕ್ಲಾಸ್‌ಗಳೂ ಬಂದಿವೆ. ಇಬ್ಬರಿಗೂ ಧನ್ಯವಾದ. ಆಫೀಸಿನಲ್ಲಿ ಹೊಸ ಲ್ಯಾಪ್‌ಟಾಪ್ ಸಿಕ್ಕಿದ ಎಲ್ಲರಿಗೂ ಇದೇ ಸಮಸ್ಯೆ ಇದೆ, ಅವರಿಗೂ ಇದನ್ನು ಓದಲು ಹೇಳುತ್ತೇನೆ.

ಬ್ರಹ್ಮಾವರ:

ನಡುವೆ ಕೇಳುವುದಕ್ಕೆ ಕ್ಷಮಿಸಿ ಸರ್. ನಾನು ಕಾಲೇಜು ವಿದ್ಯಾರ್ಥಿ. ಮನೆಯಲ್ಲಿ ಮಳೆಗಾಲದಲ್ಲಿ ನೆಟ್ ಸರಿ ಇರುವುದಿಲ್ಲ. ಲ್ಯಾಬ್‌ನಲ್ಲಿ ಇಳಿಸಿದ ರೆಪಾಸಿಟರಿಯನ್ನು ಪೆನ್‌ಡ್ರೈವ್‌ನಲ್ಲಿ ಮನೆಗೆ ತಂದೆ. ಜಾರ್‌ಗಳು ಕಣ್ಣೆದುರು ಇವೆ, ಆದರೂ ಮೇವನ್ ಪ್ರೆಸೆಂಟ್, ಬಟ್ ಅನ್‌ಅವೈಲಬಲ್ ಅನ್ನುತ್ತದೆ. ಯಾಕೆ?

ಕದ್ರಿಕಂಬಳ:

ಒಳ್ಳೆಯ ಪ್ರಶ್ನೆ. ಪ್ರತಿ ಜಾರ್ ಪಕ್ಕದಲ್ಲಿ ಅಂಡರ್‌ಸ್ಕೋರ್ ರಿಮೋಟ್ ಡಾಟ್ ರೆಪಾಸಿಟರೀಸ್ ಅಂತ ಒಂದು ಫೈಲ್ ಇರುತ್ತದೆ. ಈ ಜಾರ್ ಯಾವ ಹೆಸರಿನ ರೆಪಾಸಿಟರಿಯಿಂದ ಬಂತು ಅಂತ ಮೇವನ್ ಅದರಲ್ಲಿ ಬರೆದಿಡುತ್ತದೆ. ನಿಮ್ಮ ಲ್ಯಾಬ್‌ನಲ್ಲಿ ಮಿರರ್ (ಸೆಂಟ್ರಲ್‌ನ ಬದಲು ಬಳಸುವ ನಕಲು) ಇರಬೇಕು, ಅದರ ಹೆಸರು ಅಲ್ಲಿ ನಮೂದಾಗಿದೆ. ಮನೆಯಲ್ಲಿ ಆ ಮಿರರ್ ಸೆಟ್ಟಿಂಗ್ಸ್‌ನಲ್ಲಿ ಇಲ್ಲ. ಹಾಗಾಗಿ ಫೈಲ್ ಇದ್ದರೂ ಮೇವನ್ ಅದನ್ನು ಒಪ್ಪುವುದಿಲ್ಲ. ಮನೆಯ ಕಾಪಿಯಲ್ಲಿ ಅಂಡರ್‌ಸ್ಕೋರ್ ರಿಮೋಟ್ ಡಾಟ್ ರೆಪಾಸಿಟರೀಸ್ ಫೈಲುಗಳನ್ನೆಲ್ಲ ಹುಡುಕಿ ಅಳಿಸಿ, ಜಾರ್‌ಗಳನ್ನು ಮುಟ್ಟಬೇಡಿ. ಕೊನೆಯಲ್ಲಿ ಲಾಸ್ಟ್‌ಅಪ್‌ಡೇಟೆಡ್ ಅಂತ ಇರುವವನ್ನೂ ಅಳಿಸಿ. ಆಮೇಲೆ ಎಂವಿಎನ್ ಜೊತೆ ಹೈಫನ್ ಸಣ್ಣ ಓ ಕೊಟ್ಟು ಆಫ್‌ಲೈನ್ ಆಗಿ ಓಡಿಸಿ. ಎಕ್ಲಿಪ್ಸ್‌ನಲ್ಲೂ ಪ್ರಿಫರೆನ್ಸಸ್‌ನ ಮೇವನ್ ಪುಟದಲ್ಲಿ ಆಫ್‌ಲೈನ್ ಅಂತ ಟಿಕ್ ಇದೆ.

ಮುಂದಿನ ಸಲ ಲ್ಯಾಬ್‌ನಿಂದ ಹೊರಡುವ ಮೊದಲು ಎಂವಿಎನ್ ಡಿಪೆಂಡೆನ್ಸಿ ಗೋ-ಆಫ್‌ಲೈನ್ ಕೊಡಿ, ಆಮೇಲೆ ಒಂದು ಸಲ ಪೂರ್ತಿ ಬಿಲ್ಡ್ ಕೂಡ ಮಾಡಿ. ಕೆಲವು ಪ್ಲಗಿನ್‌ಗಳು ಓಡುವಾಗ ಮಾತ್ರ ಬೇಕಾದ್ದನ್ನು ಇಳಿಸಿಕೊಳ್ಳುತ್ತವೆ. ರೆಪಾಸಿಟರಿ ಫೋಲ್ಡರನ್ನು ಜಿಪ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿ, ಸಣ್ಣ ಸಣ್ಣ ಫೈಲುಗಳು ಸಾವಿರಾರು ಇರುವುದರಿಂದ ಹಾಗೇ ಕಾಪಿ ಮಾಡಿದರೆ ತುಂಬ ಹೊತ್ತು ಹಿಡಿಯುತ್ತದೆ. ಲ್ಯಾಬ್‌ನ ಸೆಟ್ಟಿಂಗ್ಸ್ ಎಕ್ಸ್‌ಎಂಎಲ್ ಮಾತ್ರ ತರಬೇಡಿ, ಅದರಲ್ಲಿ ಪ್ರಾಕ್ಸಿ ಪಾಸ್‌ವರ್ಡ್ ಇರುವ ಸಾಧ್ಯತೆ ಜಾಸ್ತಿ.