ಹಳೇ ಕೇಪಿನ ಕೋವಿ: ನಳಿಗೆ ಎಷ್ಟು ದಪ್ಪ ಇರಬೇಕು?

ಪ್ರಶ್ನೆ: ಅಜ್ಜನ ಕಾಲದ ಜೋಡಿನಳಿಗೆ ಕೋವಿ ಇದೆ. 12 ಬೋರ್, ಬಾಯಿಂದ ಮದ್ದು ತುಂಬುವಂಥದ್ದು. ಬಾಯಿ ಹತ್ತಿರ ವರ್ನಿಯರ್ ಇಟ್ಟು ನೋಡಿದೆ, 1 ಮಿ.ಮೀ. ಬಂತು. ಗುರಿ ಹೊಡೆಯೋಕೆ ಬಳಸಬಹುದಾ? ಅನುಭವ ಇದ್ದವರು ಹೇಳಿ.

ಉತ್ತರ 1: ಬಾಯಿಯ ಅಳತೆ ನಂಬಬೇಡಿ. ಎಷ್ಟೋ ನಳಿಗೆಗಳು ತುದಿಯಲ್ಲಿ ದಪ್ಪ, ನಡುವೆ ತೆಳು. ವರ್ನಿಯರ್ ಅಲ್ಲಿಗೆ ತಲುಪುವುದೇ ಇಲ್ಲ. ಒಳಗೆ ಉದ್ದನೆಯ ಸರಳು, ಹೊರಗೆ ಡಯಲ್ ಇರುವ ಗೇಜ್ ಬೇರೆಯೇ ಇದೆ. ಕೋವಿ ರಿಪೇರಿಯವರ ಹತ್ತಿರ ಸಿಗುತ್ತದೆ. ಉದ್ದಕ್ಕೂ ಅಳೆಯಿರಿ, ಜತೆಗೆ ಸುತ್ತಲೂ ಅಳೆಯಿರಿ. ತೂತು ಒಂದು ಪಕ್ಕಕ್ಕೆ ವಾಲಿರುವುದು ಹಳೇ ನಳಿಗೆಗಳಲ್ಲಿ ಮಾಮೂಲಿ. ಒಂದು ಬದಿ 0.9 ತೋರಿಸಿದ ಜಾಗದಲ್ಲೇ ಎದುರು ಬದಿ 0.55 ಇರಬಹುದು. ಲೆಕ್ಕಕ್ಕೆ ಬರುವುದು ಆ 0.55.

ಬ್ರಿಟನ್ನಿನ ಕೋವಿ ವ್ಯಾಪಾರದಲ್ಲಿ ಇಂಚನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ 20 ಭಾಗ, ಅಂದರೆ ಸುಮಾರು 0.5 ಮಿ.ಮೀ., ಕನಿಷ್ಠ ಅನ್ನುವ ರೂಢಿ ಇದೆ. ಅದು ಕಾನೂನಲ್ಲ. ಅದೂ ನಳಿಗೆಯ ಮುಂಭಾಗಕ್ಕೆ ಮಾತ್ರ. ಮದ್ದು ಕೂರುವ ಹಿಂಭಾಗಕ್ಕೆ ಆ ಅಂಕಿ ಹಿಡಿದುಕೊಂಡು ಹೋದರೆ ಕೈ ಹೋಗುತ್ತದೆ.

ಉತ್ತರ 2: ಹೌದು, ಒತ್ತಡ ಜಾಸ್ತಿ ಇರುವುದು ಹಿಂಭಾಗದಲ್ಲೇ. ಚರೆ (ಸೀಸದ ಸಣ್ಣ ಗುಂಡುಗಳು) ಮುಂದೆ ಸರಿದಂತೆ ಒತ್ತಡ ಇಳಿಯುತ್ತದೆ. ಗೋಡೆಯ ದಪ್ಪ ಅರ್ಧವಾದರೆ ಲೋಹದ ಮೇಲಿನ ಎಳೆತ ಹೆಚ್ಚುಕಡಿಮೆ ದುಪ್ಪಟ್ಟು. ತೂತು ದೊಡ್ಡದಾದರೂ ಎಳೆತ ಏರುತ್ತದೆ. ಬೋರ್ ಅಂಕಿ ಚಿಕ್ಕದಾದಷ್ಟೂ ತೂತು ದೊಡ್ಡದು. ಹಾಗಾಗಿ 20 ಬೋರಿಗೆ ಸಾಕಾದ ದಪ್ಪ 12 ಬೋರಿಗೆ ಸಾಲದು.

ನನ್ನ ಚಿಂತೆ ತುಕ್ಕಿನದು. ಕರಿಮದ್ದಿನ ಕಿಟ್ಟ ತೇವ ಹೀರುತ್ತದೆ. ತೊಳೆಯದೆ ಇಟ್ಟರೆ ಲೋಹ ತಿನ್ನುತ್ತದೆ, ಅದೂ ಹಿಂಭಾಗದ ಬಿರಡೆಯ ಮುಂದೆ, ಕಣ್ಣಿಗೆ ಕಾಣದ ಜಾಗದಲ್ಲಿ. ಗೋಡೆಯ ದಪ್ಪದಿಂದ ಒಳಗಿನ ತುಕ್ಕಿನ ಗುಂಡಿಯ ಆಳ ಕಳೆದರೆ ಉಳಿಯುವುದೇ ನಿಜವಾದ ದಪ್ಪ. ಬಿರಡೆಯ ತಿರುಪಿನ ಸುತ್ತು (ಥ್ರೆಡ್), ಕೇಪು (ಬಡಿದರೆ ಕಿಡಿ ಕೊಡುವ ಪುಟ್ಟ ಟೋಪಿ) ಕೂರುವ ನಿಪ್ಪಲ್ಲಿನ ಸುತ್ತು ಸವೆದಿದ್ದರೆ ನಳಿಗೆ ಎಷ್ಟೇ ದಪ್ಪ ಇರಲಿ, ಪ್ರಯೋಜನ ಇಲ್ಲ. ಪಟ್ಟಿ ಸುತ್ತಿ ಬೆಸೆದ ಡಮಾಸ್ಕಸ್ ನಳಿಗೆ ಆಗಿದ್ದರೆ ಬೆಸುಗೆಯ ಸಾಲಿನೊಳಗೂ ತುಕ್ಕು ಇಳಿದಿರಬಹುದು. ಯಾವ ಗೇಜೂ ಅದನ್ನು ಹೇಳುವುದಿಲ್ಲ.

ಉತ್ತರ 3: ಎಲ್ಲರೂ ಮಿಲಿಮೀಟರ್ ಹಿಂದೆ ಬಿದ್ದಿದ್ದೀರಿ. ಒಳ್ಳೆ ದಪ್ಪ ನಳಿಗೆಯೂ ಸಿಡಿಯುತ್ತದೆ ಸ್ವಾಮಿ. ತೋಟೆ ಬಿಚ್ಚಿ ಅದರ ಹೊಗೆರಹಿತ ಮದ್ದು ತುಂಬಿದರೆ ಆಯಿತು ಕತೆ. ಚರೆ ಮದ್ದಿನ ಮೇಲೆ ಗಟ್ಟಿಯಾಗಿ ಕೂರದೆ ನಡುವೆ ಸಂದು ಉಳಿದರೆ ಅಲ್ಲೇ ನಳಿಗೆ ಉಬ್ಬುತ್ತದೆ, ಇಲ್ಲವೇ ಒಡೆಯುತ್ತದೆ. ಜೋಡಿನಳಿಗೆಯಲ್ಲಿ ಇನ್ನೊಂದು ತಾಪತ್ರಯ. ಒಂದನ್ನೇ ಹೊಡೆಯುತ್ತಾ ಹೋದರೆ ಹಿಂದೊದೆತಕ್ಕೆ ಇನ್ನೊಂದರ ಈಡು (ತುಂಬಿಟ್ಟ ಮದ್ದು, ಚರೆ) ಮುಂದೆ ಸರಿಯುತ್ತದೆ. ಪ್ರತಿ ಸಲ ಗಜ (ಮದ್ದು ಒತ್ತುವ ಕೋಲು) ಇಳಿಸಿ ಒತ್ತಿ ನೋಡಬೇಕು. ಯಾವ ನಳಿಗೆಗೆ ತುಂಬಿದೆ ಅಂತ ಮರೆತು ಅದಕ್ಕೇ ಎರಡು ಈಡು ಹಾಕುವವರೂ ಇದ್ದಾರೆ!

ಉತ್ತರ 4: ಅಳೆಯೋದು ಆಮೇಲೆ. ಕೋವಿ ಖಾಲಿ ಇದೆಯಾ? ಬಾಯಿಗೆ ಮುಖ ಒಡ್ಡದೆ, ಮರದ ಗಜ ನಿಧಾನಕ್ಕೆ ಇಳಿಸಿ, ಬಾಯಿಯ ಮಟ್ಟಕ್ಕೆ ಗುರುತು ಹಾಕಿ. ಅದೇ ಗಜ ಹೊರಗೆ ಹಿಡಿದರೆ ತುದಿ ನಿಪ್ಪಲ್ಲಿನ ಹತ್ತಿರಕ್ಕೆ ಬರಬೇಕು. ಎರಡೂ ನಳಿಗೆಗೆ ಮಾಡಿ.

ಕೇಳಿದವರು: ಮಾಡಿದೆ. ಎಡಗಡೆಯದು ಸರಿ ಇದೆ. ಬಲಗಡೆಯದರಲ್ಲಿ ಗಜ ಮೂರು ಬೆರಳು ಮೇಲೇ ನಿಲ್ಲುತ್ತಿದೆ.

ಉತ್ತರ 4: ಹಾಗಾದರೆ ಈಡು ಒಳಗಿದೆ ಅಂತಲೇ ತಿಳಿಯಿರಿ. ಹಳೇ ಕರಿಮದ್ದು ಇವತ್ತಿಗೂ ಹೊತ್ತಿಕೊಳ್ಳುತ್ತದೆ. ಕೆದಕಬೇಡಿ, ಬಿಸಿ ಮಾಡಬೇಡಿ, ಹೊಡೆದು ಖಾಲಿ ಮಾಡೋಣ ಅಂತ ಕೇಪು ಇಡಬೇಡಿ. ಮೊದಲು ರಿಪೇರಿಯವರಿಗೆ ಫೋನ್ ಮಾಡಿ ವಿಷಯ ಹೇಳಿ, ಅವರು ಹೇಳಿದಂತೆ ಮಾಡಿ. ಈಡು ತೆಗೆದ ಮೇಲೆ ಬಿರಡೆ ಬಿಚ್ಚಿಸಿ. ಹೇಗೂ ಆ ತುಕ್ಕಿನ ಗುಂಡಿಗಳನ್ನು ನೋಡಲೇಬೇಕಲ್ಲ.