ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವಿನ ಸೀಲು) ಹೋಗಿದೆ, ಗ್ಯಾರೇಜಿನವರು ಎಂಜಿನ್ನೇ ಬದಲಿಸಿ ಅಂತಿದ್ದಾರೆ. ಏನು ಮಾಡಲಿ?

ತೀರ್ಥಹಳ್ಳಿ ಕಡೆಯವ:

ನಮ್ಮದು 2012ರ ಸ್ವಿಫ್ಟ್ ಡೀಸೆಲ್, 1.3 ಲೀಟರ್ ಎಂಜಿನ್. 1 ಲಕ್ಷ 60 ಸಾವಿರ ಕಿ.ಮೀ. ದಾಟಿದೆ. ಭಾವ ಉಡುಪಿಯಿಂದ ತರುವಾಗ ಆಗುಂಬೆ ಘಾಟಿಯಲ್ಲಿ ರೇಡಿಯೇಟರಿನ ಮೇಲಿನ ಹೋಸ್ ಒಡೆದಿದೆ. ವರ್ಷಗಳಿಂದ ಬದಲಿಸದ ಹೋಸ್, ಕ್ಲಿಪ್ ಹತ್ತಿರ ಸೀಳಿತ್ತು. ಕೆಂಪು ದೀಪ ಹತ್ತಿದರೂ "ಮೇಲೆ ಹತ್ತಿಬಿಟ್ಟರೆ ಸಾಕು" ಅಂತ ಕೊನೆಯ ತಿರುವುಗಳನ್ನೆಲ್ಲ ಹಾಗೇ ಎಳೆದಿದ್ದಾರೆ. ಪುಣ್ಯಕ್ಕೆ ಎಂಜಿನ್ ಸೀಜ್ ಆಗಿ (ಒಳಗೇ ಜಾಮ್ ಆಗಿ) ನಿಂತಿಲ್ಲ.

ಹೊಸ ಹೋಸ್ ಹಾಕಿಸಿದೆ. ಸ್ಟಾರ್ಟ್ ಆಗುತ್ತದೆ. ಆದರೆ ಬೆಳಿಗ್ಗೆ ಸ್ವಲ್ಪ ಹೊತ್ತು ಮೂರೇ ಸಿಲಿಂಡರ್ ಓಡುತ್ತಿರುವಂತೆ ನಡುಗುತ್ತದೆ, ಬಿಳಿ ಹೊಗೆ ಬಿಡುತ್ತದೆ. ಕೂಲಂಟ್ ಡಬ್ಬಿಯಲ್ಲಿ ಗುಳ್ಳೆ ಏಳುತ್ತಲೇ ಇರುತ್ತದೆ. ಆಯಿಲ್ ಮುಚ್ಚಳದ ಒಳಗೆ ಕಾಫಿ ಬಣ್ಣದ ನೊರೆ ಅಂಟಿದೆ. ಡಿಪ್‌ಸ್ಟಿಕ್‌ನಲ್ಲಿ ಮಾತ್ರ ಆಯಿಲ್ ಕಪ್ಪಗೇ ಇದೆ.

ಇಲ್ಲಿನ ಗ್ಯಾರೇಜಿನವರು ಗ್ಯಾಸ್ಕೆಟ್ ಕೆಲಸಕ್ಕೆ 35 ಸಾವಿರ ಆಗುತ್ತದೆ, ಗ್ಯಾರಂಟಿ ಕೊಡೋಕಾಗಲ್ಲ ಅಂದರು. ಸೆಕೆಂಡ್ ಹ್ಯಾಂಡ್ ಎಂಜಿನ್ 75 ಸಾವಿರಕ್ಕೆ ತರಿಸಿ ಕೂರಿಸಿಕೊಡುತ್ತಾರಂತೆ. ಗಾಡಿ ಮಾರಿದರೇ ಎರಡೂವರೆ ಲಕ್ಷ ಬಂದರೆ ಹೆಚ್ಚು. ಯಾವುದು ಸರಿ?

ಹೈವೇ ಡ್ರೈವರ್:

ಎಂಜಿನ್ನೇ ಹಾಕಿಸಿ ಸಾರ್. ಒಮ್ಮೆ ಹೆಡ್ ಬಿಚ್ಚಿದ ಗಾಡಿ ಮತ್ತೆ ಮೊದಲಿನ ಹಾಗೆ ಆಗಲ್ಲ. ನಮ್ಮ ಸ್ಟ್ಯಾಂಡಿನಲ್ಲಿ ಒಬ್ಬರು ಎರಡು ಸಲ ಗ್ಯಾಸ್ಕೆಟ್ ಹಾಕಿಸಿ, ಕೊನೆಗೆ ಎಂಜಿನ್ನಿಗೇ ಬಂದರು. ದುಡ್ಡೂ ಹೋಯ್ತು, ಬಾಡಿಗೆಯೂ ಹೋಯ್ತು.

ಹೆಡ್ ಕೆಲಸದವ, ಶಿವಮೊಗ್ಗ:

ಮೇಲಿನವರ ಮಾತು ನಾನು ಒಪ್ಪಲ್ಲ. ಹೆಡ್ ಸರ್ಫೇಸ್ ಮಾಡೋದೇ, ಅಂದರೆ ಅದರ ತಳವನ್ನು ಕೆತ್ತಿ ಸಮ ಮಾಡೋದೇ ನನ್ನ ಕಸುಬು. ಎರಡನೇ ಸಲ ಗ್ಯಾಸ್ಕೆಟ್ ಹೊಡೆಯಿತು ಅಂತ ಬರುವ ಗಾಡಿಗಳಲ್ಲಿ ಮುಕ್ಕಾಲು ಪಾಲು ಮೊದಲ ಸಲ ಹೆಡ್ ಅಳೆಯದೆಯೇ ಕೂರಿಸಿದ ಗಾಡಿಗಳು. ತಪ್ಪು ಗ್ಯಾಸ್ಕೆಟ್‌ದಲ್ಲ.

ನಿಮ್ಮ ಗ್ಯಾರೇಜಿನವರು ಹೆಡ್ ಬಿಚ್ಚದೆಯೇ ಎರಡು ರೇಟ್ ಹೇಳಿದ್ದಾರೆ. ಅವರಿಗೂ ಒಳಗೇನಾಗಿದೆ ಗೊತ್ತಿಲ್ಲ ಅಲ್ವಾ? ಈಗಲೇ ಯಾವುದಕ್ಕೂ ಹೂಂ ಅನ್ನಬೇಡಿ.

ನಿಮ್ಮದು ಫಿಯಟ್ ಮೂಲದ ಎಂಜಿನ್. ಬ್ಲಾಕ್ ಬೀಡುಕಬ್ಬಿಣ, ಹೆಡ್ ಅಲ್ಯೂಮಿನಿಯಂ. ಕಾದರೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಆದರೆ ಬೋಲ್ಟ್ ಹಿಡಿದುಕೊಂಡಿರುತ್ತದಲ್ಲ, ಹೋಗೋಕೆ ಜಾಗ ಇಲ್ಲ, ಬಾಗುತ್ತದೆ. ಹಾಗಾಗಿ ಓವರ್‌ಹೀಟ್ ಆದಾಗ ಮೊದಲು ಕೆಡುವುದು ಹೆಡ್ಡು. ಕೆಳಗಿನ ಭಾಗ ಎಷ್ಟೋ ಸಲ ಚೆನ್ನಾಗೇ ಇರುತ್ತದೆ.

ಕೆಳಗಿನದು ಹೇಗಿದೆ ಅಂತ ನೋಡೋಕೆ ಖರ್ಚಿಲ್ಲದ ದಾರಿ ಒಂದಿದೆ. ಗಾಡಿಯನ್ನು ರಾತ್ರಿಯೆಲ್ಲ ನಿಲ್ಲಿಸಿ. ಬೆಳಿಗ್ಗೆ ಸ್ಟಾರ್ಟ್ ಮಾಡದೆ ಸಂಪಿನ (ತಳದಲ್ಲಿ ಆಯಿಲ್ ನಿಲ್ಲುವ ತಟ್ಟೆಯ) ಡ್ರೈನ್ ಬೋಲ್ಟನ್ನು ಮೆಲ್ಲಗೆ ಸಡಿಲಿಸಿ. ನೀರು ಆಯಿಲ್‌ಗಿಂತ ಭಾರ, ತಳದಲ್ಲಿ ಕೂತಿರುತ್ತದೆ. ಒಳಗೆ ಸೇರಿದ್ದರೆ ಮೊದಲು ಅದೇ ಬರುತ್ತದೆ. ಶುರುವಿನಿಂದಲೇ ಕಪ್ಪು ಆಯಿಲ್ ಬಂದರೆ, ನೀರು ಬೆರೆತ ಆಯಿಲ್‌ನಿಂದ ಕೆಳಗಿನ ಬೇರಿಂಗ್ ಕೆಟ್ಟಿರಬಹುದು ಅನ್ನುವ ಅರ್ಧ ಚಿಂತೆ ಬಿಡಬಹುದು. ಮುಚ್ಚಳದ ನೊರೆ ಒಂದನ್ನೇ ನೋಡಿ ಹೆದರಬೇಡಿ. ನಮ್ಮ ಮಲೆನಾಡಿನ ಮಳೆಯಲ್ಲಿ ಪೇಟೆಗೆ ಹೋಗಿ ಬರುವಷ್ಟೇ ಓಡುವ ಗಾಡಿಗಳಲ್ಲಿ, ಏನೂ ಕೆಡದಿದ್ದರೂ ಅಲ್ಲಿ ನೊರೆ ಕಟ್ಟುತ್ತದೆ.

ಬಿಚ್ಚುವ ಮೊದಲು ಕಂಪ್ರೆಶನ್ ಟೆಸ್ಟ್ ಮಾಡಿಸಿ, ಪ್ರತಿ ಸಿಲಿಂಡರ್ ಗಾಳಿಯನ್ನು ಎಷ್ಟು ಒತ್ತುತ್ತದೆ ಅಂತ ಅಳೆಯೋದು. ಅಕ್ಕಪಕ್ಕದ ಎರಡು ಸಿಲಿಂಡರ್ ಕಮ್ಮಿ ತೋರಿಸಿದರೆ ಅವುಗಳ ನಡುವೆಯೇ ಗ್ಯಾಸ್ಕೆಟ್ ಸುಟ್ಟಿರುವ ಸಾಧ್ಯತೆ ಜಾಸ್ತಿ.

ಹೆಡ್ ಬಿಚ್ಚಿದ ಮೇಲೆ ನೀವೇ ಎದುರಿಗೆ ನಿಂತು ನೋಡಿ. ಗ್ರೈಂಡರಿಗೆ ಎಮರಿ ಹಾಕಿ ಉಜ್ಜಲು ಬಿಡಬೇಡಿ, ಅಲ್ಲಲ್ಲಿ ಗುಂಡಿ ಬೀಳುತ್ತದೆ. ಸ್ಟ್ರೈಟ್ ಎಡ್ಜ್ ಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ಕೆಳಗೆ ಫೀಲರ್ ಗೇಜಿನ ತೆಳು ಬ್ಲೇಡ್ ತೂರಿಸಿ ನೋಡಬೇಕು. ಅನೇಕ ಎಂಜಿನ್ನುಗಳಲ್ಲಿ ಮಿತಿ 0.05ರಿಂದ 0.1 ಮಿ.ಮೀ. ಒಳಗಿರುತ್ತದೆ. ನಿಮ್ಮದಕ್ಕೆ ಮ್ಯಾನ್ಯುಯಲ್‌ನಲ್ಲಿ ಇರುವುದೇ ಲೆಕ್ಕ.

ಬಾಗಿದ್ದರೆ ಸರ್ಫೇಸ್ ಹೊಡೆಸಿಬಿಡೋಣ ಅನ್ನುತ್ತಾರೆ. ಪೆಟ್ರೋಲ್ ಹೆಡ್ಡಿಗೆ ಸರಿ. ಡೀಸೆಲ್‌ನಲ್ಲಿ ಹುಷಾರು. ಪಿಸ್ಟನ್ ಮೇಲೆ ಬಂದಾಗ ಹೆಡ್ಡಿಗೂ ಅದಕ್ಕೂ ಜಾಗ ಬಹಳ ಕಮ್ಮಿ. ಜಾಸ್ತಿ ಕೆತ್ತಿದರೆ ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯುತ್ತದೆ. ಎಷ್ಟೋ ಡೀಸೆಲ್ ಹೆಡ್ಡನ್ನು ಕೆತ್ತಲೇಬಾರದು ಅಂತ ತಯಾರಿಸಿದವರೇ ಹೇಳಿದ್ದಾರೆ. ಕೇಳಿದವರಿಗೆಲ್ಲ ಕೆತ್ತಿಕೊಟ್ಟರೆ ನನಗೆ ಲಾಭವೇ, ಆದರೂ ಹೇಳುತ್ತಿದ್ದೇನೆ.

ಆಮೇಲೆ ಪ್ರೆಶರ್ ಟೆಸ್ಟ್. ಹೆಡ್ಡಿನ ನೀರಿನ ದಾರಿಗಳನ್ನೆಲ್ಲ ಪ್ಲೇಟಿನಿಂದ ಮುಚ್ಚಿ, ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗಾಳಿ ಕೊಡುತ್ತೇವೆ. ಬಿರುಕು ಇದ್ದರೆ ಗುಳ್ಳೆ ಸಾಲಾಗಿ ಬರುತ್ತದೆ, ಹೆಚ್ಚಾಗಿ ಎರಡು ವಾಲ್ವ್ ಸೀಟುಗಳ ನಡುವೆ. ಈ ಟೆಸ್ಟಿನ ಖರ್ಚು ಒಟ್ಟು ಬಿಲ್ಲಿನಲ್ಲಿ ಲೆಕ್ಕಕ್ಕೇ ಇಲ್ಲ. ಇದನ್ನೇ ಬಿಟ್ಟುಬಿಡುತ್ತಾರೆ.

ಎಂಜಿನ್ ಬದಲಿಸುವ ಮಾತು ಯಾವಾಗ? ಬೋರ್ (ಸಿಲಿಂಡರಿನ ಒಳಗೋಡೆ) ಗೀರಿದ್ದರೆ, ಬ್ಲಾಕೇ ಬಾಗಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ, ಬೇರಿಂಗ್ ತಿಂದಿದ್ದರೆ. ಆಗ ನಾನೂ ಎಂಜಿನ್ ಹುಡುಕಿ ಅಂತಲೇ ಹೇಳುತ್ತೇನೆ. ಆದರೆ ಆ 75 ಸಾವಿರದ ಎಂಜಿನ್ ಯಾಕೆ ಗಾಡಿಯಿಂದ ಇಳಿಯಿತು ಅಂತ ಯಾರಿಗೆ ಗೊತ್ತು? ಅದೂ ಯಾವುದೋ ಘಾಟಿಯಲ್ಲಿ ಕಾದದ್ದೇ ಇರಬಹುದು.

ಕಾಗದಪತ್ರ ನೋಡುವವ:

ಒಂದು ಮಾತು ಸೇರಿಸುತ್ತೇನೆ. ಎಂಜಿನ್ ನಂಬರ್ ಆರ್‌ಸಿಯಲ್ಲಿ ಇರುತ್ತದೆ. ಒಪ್ಪಿಗೆ ಪಡೆಯದೆ ಬೇರೆ ಎಂಜಿನ್ ಕೂರಿಸಿದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ಇನ್ಶೂರೆನ್ಸ್‌ನಲ್ಲೂ ತಿದ್ದಿಸಬೇಕು. ಎಂಜಿನ್ ಕೊಟ್ಟವರು ಬಿಲ್ ಕೊಡದಿದ್ದರೆ ತಗೊಳ್ಳಲೇಬೇಡಿ. ಕದ್ದ ಗಾಡಿಯದ್ದಾಗಿದ್ದರೆ ಸ್ಟೇಷನ್ ಮೆಟ್ಟಿಲು ಹತ್ತೋದು ನೀವೇ.

ತೀರ್ಥಹಳ್ಳಿ ಕಡೆಯವ:

ಎಲ್ಲರಿಗೂ ಥ್ಯಾಂಕ್ಸ್. ಡ್ರೈನ್ ಬೋಲ್ಟ್ ಬಿಚ್ಚಿದೆವು, ನೀರಿಲ್ಲ, ಬರೀ ಆಯಿಲ್. ಹೆಡ್ ಇಳಿಸಿದಾಗ ಎರಡು ಮತ್ತು ಮೂರನೇ ಸಿಲಿಂಡರ್ ನಡುವೆ ಗ್ಯಾಸ್ಕೆಟ್ ಕರಿದಾಗಿ ತಿಂದುಹೋಗಿತ್ತು. ಬೋರಿನೊಳಗೆ ಹೋನಿಂಗ್‌ನ (ತಯಾರಿಸುವಾಗ ಗೋಡೆಗೆ ಉಜ್ಜಿದ) ಅಡ್ಡಗೆರೆ ಇನ್ನೂ ಕಾಣುತ್ತಿದೆ, ಅಂದರೆ ಹೆಚ್ಚು ಸವೆದಿಲ್ಲ, ಬ್ಲಾಕ್ ನೆಟ್ಟಗಿದೆ. ಆದರೆ ಹೆಡ್ಡಿಗೆ ಪ್ರೆಶರ್ ಟೆಸ್ಟ್ ಮಾಡಿಸಿದಾಗ ಮೂರನೇ ಸಿಲಿಂಡರಿನ ವಾಲ್ವ್‌ಗಳ ನಡುವೆ ಗುಳ್ಳೆ ಬಂತು. ಈಗ ಗ್ಯಾರೇಜಿನವರು "ನಾವು ಹೇಳಿರಲಿಲ್ವಾ, ಎಂಜಿನ್ನೇ ಹಾಕಿ" ಅಂತಿದ್ದಾರೆ.

ಹೆಡ್ ಕೆಲಸದವ, ಶಿವಮೊಗ್ಗ:

ಬಿರುಕು ಇರೋದು ಹೆಡ್ಡಿನಲ್ಲಿ, ಬದಲಿಸೋದು ಎಂಜಿನ್ನಾ? ಸುಮ್ನೆ ಯಾಕೆ. ಹೆಡ್ ಮಾತ್ರ ತನ್ನಿ. ಇದೇ ಮೂಲದ ಎಂಜಿನ್ ಟಾಟಾ, ಫಿಯಟ್ ಗಾಡಿಗಳಲ್ಲೂ ಇತ್ತು, ಗುಜರಿಯಲ್ಲಿ ಹೆಡ್ ಹುಟ್ಟುತ್ತದೆ. ಆದರೆ ಪಾರ್ಟ್ ನಂಬರ್ ತಾಳೆ ನೋಡಿಯೇ ತಗೊಳ್ಳಿ. ಟೆಸ್ಟ್‌ನಲ್ಲಿ ಪಾಸಾದರೆ ಮಾತ್ರ ದುಡ್ಡು ಅಂತ ಮೊದಲೇ ಮಾತಾಡಿಕೊಳ್ಳಿ. ಒಪ್ಪದಿದ್ದರೆ ಬೇರೆ ಅಂಗಡಿ.

ಹೆಡ್ ಬೋಲ್ಟ್ ಹೊಸದೇ ಹಾಕಿಸಿ. ಈ ಬೋಲ್ಟ್‌ಗಳು ಬಿಗಿ ಮಾಡುವಾಗ ಎಳೆದುಕೊಂಡೇ ಕೂರುತ್ತವೆ, ಹಳೆಯದನ್ನೇ ಮತ್ತೆ ಹಾಕಿದರೆ ನಂಬೋಕಾಗಲ್ಲ. ಟಾರ್ಕ್ (ಅಳತೆಯ ಬಿಗಿ) ಕೊಟ್ಟ ಮೇಲೆ ಇಷ್ಟು ಡಿಗ್ರಿ ತಿರುಗಿಸಬೇಕು ಅಂತ ಲೆಕ್ಕ ಇರುತ್ತದೆ, ನಡುವಿನಿಂದ ಹೊರಗೆ ಹೋಗಬೇಕು. ಗ್ಯಾಸ್ಕೆಟ್ ತರುವಾಗ ಹಳೆಯದನ್ನು ಜೊತೆಗೆ ಒಯ್ಯಿರಿ. ಡೀಸೆಲ್ ಗ್ಯಾಸ್ಕೆಟ್‌ಗಳಲ್ಲಿ ದಪ್ಪ ಬೇರೆ ಬೇರೆ ಇರೋದುಂಟು, ಅಂಚಿನ ತೂತು ಅಥವಾ ಕಚ್ಚು ನೋಡಿ ಗುರುತಿಸಬೇಕು. ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಯಾವುದು ಯಾವ ಸಿಲಿಂಡರಿನದು ಅಂತ ಬಿಚ್ಚುವಾಗಲೇ ಗುರುತು ಹಾಕಿದ್ದಾರಾ ಕೇಳಿ. ಥರ್ಮೋಸ್ಟಾಟ್ (ಕೂಲಂಟ್ ರೇಡಿಯೇಟರಿಗೆ ಹೋಗುವುದನ್ನು ತೆರೆದು ಮುಚ್ಚುವ ವಾಲ್ವ್) ಕೂಡ ಈಗಲೇ ಬದಲಿಸಿ. ಉಳಿದ ಹೋಸ್‌ಗಳೂ ಒಡೆದದ್ದರಷ್ಟೇ ಹಳೆಯವು, ಅವನ್ನೂ ಬಿಡಬೇಡಿ.